ಹೆಸರಷ್ಟೇ ಕೆಂಪು

ಗೋಡೆಗೆ ಆನಿಸಿ ಕೂರಿಸಿದ್ದ ಕುಬೇರಪ್ಪನ ತಲೆ ಎಡಕ್ಕೆ ವಾಲಿತು. ಅಂದಾನಪ್ಪ ಅದನ್ನು ನೆಟ್ಟಗೆ ಮಾಡಿ, ಕೊರಳ ಹಾರವನ್ನು ಸರಿಪಡಿಸಿದ.

"ನೇಕಾರರ ಸಂಘಕ್ಕ ಇಂಥಾ ಕಾರಕೂನ ಇನ್ನ ಸಿಗೂದಿಲ್ಲ," ಎಂದ ಪಕ್ಕದಲ್ಲಿದ್ದ ಪುಂಡಲೀಕಪ್ಪ. "ಒಂದ ಬಟನ್ ಒತ್ತಿದ್ರ ನಾನೂರ ಸೀರಿ ಚೀಟಿನ್ಯಾಗ ನೇಯ್ದವರ ಹೆಸರಷ್ಟ ಕೆಂಪ!"

"ಮಾಡಿದ್ದು ಕಂಪ್ಯೂಟರ್. ಇಂವೇನ್ ಮಾಡಿದ?"

"ಸತ್ತವನ ಮ್ಯಾಲೂ ಹೊಟ್ಟಿಕಿಚ್ಚೇನಲೇ ಅಂದಾನಾ?"

* * *

ಹದಿನೆಂಟು ವರ್ಷ ಸೀರೆಗೆ ಕಟ್ಟುವ ಆ ಚೀಟಿಗಳನ್ನು ಕೈಯಲ್ಲಿ ಬರೆದವನು ಅಂದಾನಪ್ಪ. ಸೀರೆಯ ಬಣ್ಣ, ಅಂಚು ಕಪ್ಪು ಶಾಯಿಯಲ್ಲಿ. ನೇಯ್ದವರ ಹೆಸರು ಕೆಂಪಿನಲ್ಲಿ. ತಮ್ಮ ಹೆಸರು ನೋಡಲೆಂದೇ ಬೆಟಗೇರಿಯ ಹೆಂಗಸರು ಸಂಘಕ್ಕೆ ಬಂದು ಹೋಗುತ್ತಿದ್ದರು.

ಆಮೇಲೆ ಕಂಪ್ಯೂಟರ್ ಬಂತು. ಎಕ್ಸೆಲ್‌ನಲ್ಲಿ ಒಂದು ಚೀಟಿಗೆ ಒಂದು ಚೌಕ. ಕುಬೇರಪ್ಪ ಊರಿನ ಆಸೀಮನ ಕಂಪ್ಯೂಟರ್ ಕ್ಲಾಸಿಗೆ ಹೋಗಿ, ಒಂದೇ ಬಟನ್‌ಗೆ ಇಡೀ ಕೆಲಸ ಮಾಡುವ ಮ್ಯಾಕ್ರೊ ಬರೆಯಲು ಕಲಿತ. ಮೊದಲ ದಿನ ಬಟನ್ ಒತ್ತಿದಾಗ ಚೌಕಕ್ಕೆ ಚೌಕವೇ ಕೆಂಪಾಯಿತು.

"ಲೇ ಕುಬೇರಾ, ಸಂಘದಾಗ ಓಕಳಿ ಆಡಿದೇನಲೇ!" ಎಂದು ಅಂದಾನಪ್ಪ ಎಲ್ಲರೆದುರು ನಕ್ಕ.

ಆಮೇಲೆ ಸೀರೆಯ ಅಂಚಿನ ವಿವರ ತಿದ್ದಿದರೆ ನೇಯ್ದವರ ಹೆಸರಿನ ಕೆಂಪೇ ಅಳಿಸಿಹೋಗುತ್ತಿತ್ತು. ಕುಬೇರಪ್ಪ ಬಿಡಲಿಲ್ಲ. ಚೌಕವನ್ನೆಲ್ಲ ಹೊಸದಾಗಿ ಬರೆಯದೆ, ತಪ್ಪಿದ ನಾಲ್ಕು ಅಕ್ಷರಗಳನ್ನಷ್ಟೇ ಇದ್ದಲ್ಲಿಯೇ ಬದಲಿಸುವುದನ್ನು ಮ್ಯಾಕ್ರೊಗೆ ಕಲಿಸಿದ. ನೇಯ್ದವರ ಹೆಸರು ಎಲ್ಲಿಂದ ಶುರು, ಎಷ್ಟು ಅಕ್ಷರ ಎಂದು ಎಣಿಸುವುದನ್ನೂ ಕಲಿಸಿದ. ಮೂರು ತಿಂಗಳಿಗೆ ಕೆಲಸ ಕೂಡಿಬಂತು. ಅಂದಾನಪ್ಪನನ್ನು ಗೋದಾಮಿಗೆ ಹಾಕಿದರು. ಅಂದಿನಿಂದ ಅವನು ಕುಬೇರಪ್ಪನ ಜೊತೆ ಚಹಾ ಕುಡಿಯಲಿಲ್ಲ.

* * *

ಕುಬೇರಪ್ಪನ ಹೆಂಡತಿ ಬನಶಂಕರೆವ್ವ ಅಂದಾನಪ್ಪನನ್ನು ಒಳಗೆ ಕರೆದಳು. ಅವಳ ಕೈಯಲ್ಲಿ ಮಡಚಿದ ಸೀರೆಯಿತ್ತು.

"ಅಣ್ಣಾರ, ಇವರು ನೇಯ್ದ ಕಡೀ ಸೀರಿ. ಇದರ ಚೀಟಿ ನೀವ ಬರೀರಿ. ಎತ್ತೂಕಿಂತ ಮದಲ ಅವರ ಮುಂದ ಇಡ್ತೀನಿ."

"ಯಾಕವಾ, ಮ್ಯಾಕ್ರೊ ಐತೆಲ್ಲಾ?"

"ಕಂಪ್ಯೂಟರ್ ಬಂದ ಮ್ಯಾಲ ಇವರು ಮನ್ಯಾಗ ಮಗ್ಗ ಹಾಕಿದ್ದು. ಅಷ್ಟೊತ್ತಿಗೆ ನೀವು ಬರಿಯೂದ ನಿಂತಿತ್ತು. 'ಊರ ಮಂದಿ ಹೆಸರೆಲ್ಲಾ ಅಂದಾನ ಬರದಾನ, ನಂದೊಂದ ಬರೀಲಿಲ್ಲ' ಅಂತ ಉರಕೋತಿದ್ರು. ನಿಮ್ಮ ಹಳೀ ಚೀಟಿ ಮುಂದಿಟಗೊಂಡ ಕಂಪ್ಯೂಟರಿನ್ಯಾಗ ಆ ಕೆಂಪ ಹೊಂದಿಸಿದ್ರು."

ಅಂದಾನಪ್ಪ ಸೀರೆಯ ಅಂಚನ್ನು ಬೆರಳಿನಿಂದ ಸವರಿದ.

"ಹೊಂದಿಲ್ಲ ಬಿಡವಾ ಅದು," ಎಂದ. "ನಂದು ಇನ್ನೊಂಚೂರ ಗಾಢ ಇತ್ತು."

ಅವಳು ಚೀಟಿಗಳನ್ನೂ ಕೆಂಪು ಶಾಯಿಯ ಪೆನ್ನನ್ನೂ ಮುಂದಿಟ್ಟಳು. ಮೊದಲ ಚೀಟಿಯಲ್ಲಿ ಕುಬೇರಪ್ಪನ 'ಬೇ' ಸೊಟ್ಟಗಾಯಿತು, ಅಂದಾನಪ್ಪ ಅದನ್ನು ಹರಿದ. ಎರಡನೆಯದರಲ್ಲಿ ಶಾಯಿ ಹರಡಿತು; ಅದನ್ನೂ ಹರಿದ.

"ಅಂದಾನಾ, ಜಲ್ದಿ ಬಾರೋ, ಹೆಗಲ ಕೊಡಾಕ!" ಹೊರಗಿನಿಂದ ಪುಂಡಲೀಕಪ್ಪ ಕೂಗಿದ. ಭಜನೆ ಶುರುವಾಗಿತ್ತು.

"ನಿಂದರ್ರೆಪಾ, ಇನ್ನೂ ಒಣಗಿಲ್ಲ!"

ಅಂದಾನಪ್ಪ ಮೂರನೆಯ ಚೀಟಿಯ ಮೇಲೆ ಬಗ್ಗಿ, ಕುಬೇರಪ್ಪನ ಹೆಸರಿನ ಮೇಲೆ ಮೆಲ್ಲಗೆ ಉಸಿರು ಊದುತ್ತಿದ್ದ.