ವಾಟಿಯ ಎಡಗಾಲು

ನನ್ನ ಗಂಡ ವಾಟಿ ಹೋದ ಬೇಸಿಗೆಯ ಕೊನೆಗೆ ಎಡ ಸೊಂಟದ ಕೀಲು ಬದಲಾಯಿಸಿಕೊಂಡು ಬಂದ. ಹಳೆಯದು ಪೂರ್ತಿ ಸವೆದು ಹೋಗಿತ್ತು. ಜೀವಮಾನವಿಡೀ ಮೀನಿನ ದೋಣಿಗಳ ಇಂಜಿನ್ ಕೆಳಗೆ ಮುದುರಿಕೊಂಡು ಕೂತವನ ಸೊಂಟ ಇನ್ನೇನಾದೀತು? ಡಾಕ್ಟರು ಬಲು ಅಚ್ಚುಕಟ್ಟಾಗಿ ಕೆಲಸ ಮಾಡಿ, “ಇನ್ನು ಕುಣೀಬಹುದು” ಎಂದು ಕಳಿಸಿದರು. ಕುಣಿಯುವುದು ಹಾಗಿರಲಿ, ಇವನು ಆ ಕಾಲಿನ ಮೇಲೆ ಭಾರ ಹಾಕಲಿಕ್ಕೇ ಒಪ್ಪಲಿಲ್ಲ. “ಅದು ನನ್ನ ಕಾಲಲ್ಲ ಕಣೇ, ಆಸ್ಪತ್ರೆಯವರದ್ದು” ಎನ್ನುತ್ತಿದ್ದ.

ನಡೆಯುವಾಗ ಹೊರಗಿನವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ನನಗೆ ಗೊತ್ತಾಗುತ್ತಿದ್ದದ್ದು ಬೆಳಗ್ಗೆ, ಪ್ಯಾಂಟು ಹಾಕಿಕೊಳ್ಳುವಾಗ. ಮೊದಲೆಲ್ಲ ನಿಂತುಕೊಂಡೇ, ಏನಾದರೂ ಗುನುಗುತ್ತ, ಒಂದು ಕಾಲಾದ ಮೇಲೆ ಇನ್ನೊಂದನ್ನು ತೂರಿಸುತ್ತಿದ್ದ. ಈಗ ಮಂಚದ ತುದಿಯಲ್ಲಿ ಕೂತು, ಗೋಡೆ ನೋಡುತ್ತ, ಸದ್ದಿಲ್ಲದೆ ಹಾಕಿಕೊಳ್ಳುತ್ತಿದ್ದ. ನೋಡಿಯೂ ನಾನು ಬಾಯಿ ಬಿಡಲಿಲ್ಲ. ಬಾಯಿ ಬಿಡದೆ ಇರುವುದು ನೆಟ್ಟಿ ಎಂಬ ಈ ಹೆಂಗಸಿನ ಜಾಯಮಾನವಲ್ಲ ಎಂದು ಸ್ಕಾರ್‌ನೆಸ್ ಊರಿಗೆ ಊರೇ ಹೇಳೀತು.

ವಾಟಿಗೆ ಒಬ್ಬ ಜೊತೆಗಾರ, ಡೋಡ್. ಮೊಳೆ, ಬಣ್ಣ, ಹಗ್ಗ ಮಾರುತ್ತಿದ್ದವನು. ಈಗ ಅಂಗಡಿಯನ್ನು ಮಗಳಿಗೆ ಬಿಟ್ಟು, ನನ್ನ ಬೇಕರಿಯ ಕಿಟಕಿ ಪಕ್ಕ ಕೂತು, ಬೆಣ್ಣೆ ಜಿನುಗುವ ಬಟರಿ ಬನ್ನು ತಿನ್ನುತ್ತ, ಬಂದವರಿಗೆಲ್ಲ ಬುದ್ಧಿ ಹೇಳುತ್ತಾನೆ. ಪ್ರತಿ ಮೇ ತಿಂಗಳಲ್ಲಿ ನಮ್ಮೂರಿಗೂ ಕೊಲ್ಲಿಯಾಚೆಯ ಇನ್ವರ್‌ಡೂಲಿಗೂ ಗಾಲ್ಫ್ ಪಂದ್ಯ. ಗೆದ್ದ ಊರಿಗೆ ಒಂದು ಬೆಳ್ಳಿ ಜಗ್ಗು; ಆಟ ಸಮವಾದರೆ ಅದು ಹೋದ ವರ್ಷ ಗೆದ್ದವರಲ್ಲೇ ಉಳಿಯುತ್ತದೆ. ಜೋಡಿಗೆ ಒಂದೇ ಚೆಂಡು; ಒಬ್ಬ ಹೊಡೆದಲ್ಲಿಂದ ಇನ್ನೊಬ್ಬ ಹೊಡೆಯಬೇಕು. ಹಾಗಾಗಿ ನೀನು ಕೆಟ್ಟದಾಗಿ ಹೊಡೆದರೆ ನಿನ್ನ ಗೆಳೆಯ ಹಳ್ಳದಲ್ಲಿ ನಿಲ್ಲಬೇಕಾಗುತ್ತದೆ. ವಾಟಿ, ಡೋಡ್ ಇಬ್ಬರೂ ತಲೆಯಲ್ಲಿ ಕೂದಲಿದ್ದ ಕಾಲದಿಂದ ಈ ಪಂದ್ಯದಲ್ಲಿ ಜೋಡಿ. ಇಬ್ಬರೂ ಒಂದು ವರ್ಷವೂ ತಪ್ಪಿಸಿದವರಲ್ಲ.

ಚಳಿಗಾಲ ಬಂತು. ನಮ್ಮ ಮೈದಾನದಲ್ಲಿ ನವೆಂಬರಿನಿಂದ ಮಾರ್ಚಿ ಮುಗಿಯುವ ತನಕ ಹುಲ್ಲಿಗೆ ವಿಶ್ರಾಂತಿ. ಆಡುವವರು ಅಂಗೈಯಗಲದ ಒಂದು ಚಾಪೆ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಚೆಂಡನ್ನು ಅದರ ಮೇಲಿಟ್ಟು ಹೊಡೆಯಬೇಕು. ವಾಟಿ ಡಿಸೆಂಬರಿನಲ್ಲಿ ಮತ್ತೆ ಗಾಲ್ಫ್ ಕೋಲು ಹಿಡಿದ. ಮೊದಲ ಶನಿವಾರವೇ ಡೋಡ್ ಬೇಕರಿಗೆ ನುಗ್ಗಿ ಕೂಗಿದ: “ನೆಟ್ಟೀ! ನಿನ್ನ ಗಂಡನಿಗೆ ಡಾಕ್ಟ್ರು ಸೊಂಟ ಹಾಕಿಲ್ಲ ಕಣಮ್ಮಾ, ಸ್ಪ್ರಿಂಗು ಹಾಕವ್ರೆ! ಏನು ಹೊಡೆತ, ಏನು ಹೊಡೆತ!”

ನಿಜವೇ. ಚೆಂಡು ಗಾಳಿಯನ್ನು ಸೀಳಿಕೊಂಡು ಹೋಗುತ್ತಿತ್ತು. ಜನವರಿ, ಫೆಬ್ರವರಿ ಪೂರ್ತಿ ಡೋಡ್ ನನ್ನ ಅಂಗಡಿಯಲ್ಲಿ ಜಂಭ ಕೊಚ್ಚಿದ್ದೇ ಕೊಚ್ಚಿದ್ದು. ರೊಟ್ಟಿ ಕೊಳ್ಳಲು ಬಂದ ಪಾದ್ರಿಗಳಿಗೂ ಬಿಡಲಿಲ್ಲ. ಫೋನು ಮಾಡಿ ಇನ್ವರ್‌ಡೂಲಿನವರಿಗೂ ಹೇಳಿದ: “ಈ ಸಲ ಬೆಳ್ಳಿ ಜಗ್ಗು ತಿಕ್ಕಿ ಹೊಳಪು ಮಾಡಿಡ್ರಪ್ಪಾ, ಮನೆಗೆ ತಗೊಂಡು ಹೋಗೋವಾಗ ಕೊಳೆ ಇರಬಾರದು.” ವಾಟಿ ನಾಚಿಕೊಳ್ಳುತ್ತ ಸಾರು ಕುಡಿಯುತ್ತಿದ್ದ. ನನಗೂ ಒಳಗೊಳಗೇ ಖುಷಿ. ಪ್ಯಾಂಟು ಮಾತ್ರ ಇನ್ನೂ ಕೂತೇ ಹಾಕಿಕೊಳ್ಳುತ್ತಿದ್ದ. ಅದನ್ನು ನೋಡಿಯೂ ನನಗೆ ಬುದ್ಧಿ ಬರಲಿಲ್ಲ.

ಏಪ್ರಿಲ್ ಮೊದಲ ಶನಿವಾರ ಚಾಪೆಗಳು ಕಪಾಟು ಸೇರಿದವು. ಬರಿಯ ಹುಲ್ಲು, ಬರಿಯ ನೆಲ. ಮಧ್ಯಾಹ್ನವಾಗುವ ಮೊದಲೇ ಇಬ್ಬರೂ ಮುಖ ಊದಿಸಿಕೊಂಡು ಬಂದು ಕಿಟಕಿ ಪಕ್ಕ ಕೂತರು. ಡೋಡ್ ಮೊಣಕಾಲತನಕ ಕೆಸರಾಗಿದ್ದ. ಬಟರಿ ಇಟ್ಟರೆ ಮುಟ್ಟಲಿಲ್ಲ. ಅಷ್ಟಕ್ಕೇ ನಾನು ಕೌಂಟರು ಬಿಟ್ಟು ಬಂದೆ.

“ಏನಾಯ್ತ್ರೋ?”

“ಉಳುಮೆ” ಎಂದ ಡೋಡ್. “ನಿನ್ನ ಗಂಡ ಮೈದಾನಾನೆಲ್ಲ ಉತ್ತು ಬಂದ. ಇನ್ನು ಆಲೂಗಡ್ಡೆ ಹಾಕೋದೊಂದೇ ಬಾಕಿ.”

ಪ್ರತಿ ಹೊಡೆತಕ್ಕೂ ಕೋಲು ಚೆಂಡಿಗೆ ಮೊದಲು ಅದರ ಹಿಂದಿನ ನೆಲಕ್ಕೆ ಬಡಿದಿತ್ತು. ಹೆಂಟೆ ಹಾರಿತು, ಚೆಂಡು ತೆವಳಿತು. ಕೊನೆಯ ಗುಳಿಯ ಮುಂದೆ ಹರಿಯುವ ಹಳ್ಳಕ್ಕೆ ಎಲ್ಲ ಚೆಂಡುಗಳೂ ಅರ್ಪಣೆಯಾದವು. ವಾಟಿ ತನ್ನ ಕೈಗಳನ್ನೇ ನೋಡುತ್ತಿದ್ದ.

ಆಮೇಲೆ ಶುರುವಾಯಿತು ನೋಡಿ ಬುದ್ಧಿವಾದದ ಸುರಿಮಳೆ. ತಲೆ ತಗ್ಗಿಸು ಎಂದು ಪೋಸ್ಟಿನವನು. ಮೊಣಕೈ ಬಿಗಿಹಿಡಿ ಎಂದು ಪಾದ್ರಿಗಳು. ಉಸಿರು ಬಿಟ್ಟು ಹೊಡಿ ಎಂದು ಡೋಡ್‌ನ ಮಗಳು. ಅವಳು ಜನ್ಮದಲ್ಲಿ ಕೋಲು ಹಿಡಿದವಳಲ್ಲ. ನನಗೆ ತಲೆ ಚಿಟ್ಟು ಹಿಡಿದು, ವಾಟಿಯನ್ನು ಕಾರಿಗೆ ತುಂಬಿಕೊಂಡು ಪಕ್ಕದ ಪಟ್ಟಣದ ಕೋಚ್ ಹತ್ತಿರ ಹೋದೆ. ಐಲಿ ಎಂದು ಅವಳ ಹೆಸರು, ಚೂಟಿ ಹುಡುಗಿ. ಅವಳು ವಾಟಿಯ ಕೈಲಿ ಹೊಡೆಸಿ, ಫೋನಿನಲ್ಲಿ ಚಿತ್ರ ಹಿಡಿದು, ಕೋಲು ಚೆಂಡಿಗೆ ತಾಗುವ ಗಳಿಗೆಯಲ್ಲಿ ಅದನ್ನು ನಿಲ್ಲಿಸಿ ತೋರಿಸಿದಳು. ಅಯ್ಯೋ ದೇವರೇ, ಅದೇನು ಭಂಗಿ! ಒಲೆಯ ಬಾಗಿಲು ತೆರೆದಾಗ ಝಳಕ್ಕೆ ಹಿಂದೆ ಸರಿಯುವವರ ಹಾಗೆ, ಮೈಯೆಲ್ಲ ಬಲಗಾಲಿನ ಮೇಲೆ. ಕೈಗಳು ಚೆಂಡಿನ ಹಿಂದೆಯೇ ಉಳಿದಿದ್ದವು.

“ಇದು ನಾನಲ್ಲ” ಎಂದ ವಾಟಿ.

“ನೀವೇ ತಾತ, ಟೋಪಿ ನೋಡಿ” ಎಂದಳು ಐಲಿ. “ಚಾಪೆ ಮೇಲೆ ಆಡಿದ್ರಲ್ವಾ ಚಳಿಗಾಲ ಪೂರ್ತಿ? ಚಾಪೆ ಸುಳ್ಳು ಹೇಳುತ್ತೆ. ಕೋಲು ಹಿಂದೆ ಬಿದ್ರೂ ಜಾರಿಕೊಂಡು ಹೋಗಿ ಚೆಂಡಿಗೆ ತಾಗುತ್ತೆ. ನೆಲ ಹಾಗೆ ಬಿಡೋದಿಲ್ಲ.” ಆಮೇಲೆ ತಾನು ನಿಂತು ತೋರಿಸಿದಳು: ತಾಗುವ ಹೊತ್ತಿಗೆ ಎಡಗಾಲಿನ ಮೇಲೆ ಪೂರ್ತಿ ಭಾರ, ಎಡ ಸೊಂಟ ಮುಂದೆ, ಕೈಗಳು ಚೆಂಡನ್ನು ದಾಟಿ ಮುಂದೆ. “ಮೊದಲು ಚೆಂಡು, ಆಮೇಲೆ ನೆಲ. ಎಡಗಾಲನ್ನ ನಂಬಿ, ಅಷ್ಟೇ.”

ಅಷ್ಟೇ ಅಂತೆ! ಅವಳು ಹೇಳಿದ್ದೆಲ್ಲ ಸರಿ, ವಾಟಿಗೆ ಅರ್ಥವೂ ಆಯಿತು. ಮನೆಯ ಹಿತ್ತಲಲ್ಲಿ ಹಾಗೇ ನಿಂತು, ನಿಧಾನಕ್ಕೆ ಬೀಸಿದರೆ ಸರಿಯಾಗಿಯೇ ಇರುತ್ತಿತ್ತು. ಚೆಂಡು ಇಟ್ಟು ಜೋರಾಗಿ ಬೀಸಿದ ಕೂಡಲೇ ಅವನ ಮೈ ಆ ಕಾಲಿಗೆ ಹೆದರಿ ಹಿಂದಕ್ಕೆ ಸರಿಯುತ್ತಿತ್ತು. ಏಪ್ರಿಲ್ ನಡುವಿನ ಹೊತ್ತಿಗೆ ನನ್ನ ಹಿತ್ತಲಿನ ಹುಲ್ಲಿನಲ್ಲಿ ಹೆಗ್ಗಣ ಸಂಸಾರ ಹೂಡಿದ ಹಾಗಿತ್ತು.

ಒಂದು ದಿನ ಬೇಕರಿಯಲ್ಲಿ, ಡೋಡ್‌ನ ಎದುರು ಕೂತು, ವಾಟಿ ಮೆಲ್ಲಗೆ ಹೇಳಿದ: “ಈ ಸಲ ನೀನು ಹಲ್ಲಿನ ಡಾಕ್ಟ್ರ ಜೊತೆ ಆಡು ಡೋಡ್. ಅವನು ಚೆನ್ನಾಗಿ ಆಡ್ತಾನೆ. ನಾನು ಬಿಟ್ಟೆ. ನನ್ನಿಂದ ನೀನು ಹಳ್ಳದಲ್ಲಿ ನಿಲ್ಲೋದು ನಂಗೆ ನೋಡಕ್ಕಾಗಲ್ಲ.”

ಡೋಡ್‌ನ ಮುಖ ಕೆಂಪಾಯಿತು. “ಅವನ ಜೊತೆ ಆಡೋ ಬದಲು ಅವನ ಕುರ್ಚೀಲಿ ಕೂತು ಇರೋ ಬರೋ ಹಲ್ಲೆಲ್ಲ ಕೀಳಿಸ್ಕೋತೀನಿ! ಯಾವನೋ ನಿನಗೆ ಹೇಳ್ದೋನು ನಂಗೆ ಹಳ್ಳ ಆಗಲ್ಲ ಅಂತ? ನೀನಿಲ್ಲ ಅಂದ್ರೆ ನಾನೂ ಇಲ್ಲ. ಮುಗೀತು.” ಎದ್ದು ಹೋದ. ತಿಂದುಳಿದ ಬಟರಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋದ. ಸಿಟ್ಟು ಬಂದರೂ ಬಟರಿ ಬಿಡುವವನಲ್ಲ.

ಅಲ್ಲಿಗೆ ಒಂದು ಜೋಡಿ ಮುರಿಯುವುದರಲ್ಲಿತ್ತು. ಇದು ಬರೀ ಆಟ ಎಂದು ನೀವು ಅಂದುಕೊಳ್ಳಬಹುದು. ಶನಿವಾರ ಡೋಡ್ ಬಂದು ಬಾಗಿಲು ಬಡಿಯದಿದ್ದರೆ ನನ್ನ ಗಂಡ ಮಂಚದ ತುದಿಯಲ್ಲಿ ಕೂತವನು ಕೂತೇ ಇರುತ್ತಾನೆ ಎಂದು ನನಗೆ ಗೊತ್ತಿತ್ತು. ಹೆದರಿಕೆಯಾಯಿತು. ಹೆದರಿಕೆಯಾದರೆ ನನಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಹಿಟ್ಟು ನಾದುತ್ತೇನೆ. ಮಾರನೇ ದಿನದ ರೊಟ್ಟಿ ಬಲು ಹಗುರವಾಗಿ ಬಂತೆಂದು ಎಲ್ಲರೂ ಹೊಗಳಿದರು.

ಡೋಡ್ ಎದ್ದು ಹೋದ ದಿನವೇ ಸಂಜೆ ನಾನು ಅಡಿಗೆಮನೆಯ ಕಿಟಕಿಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದೆ. ವಾಟಿ ಕೋಲುಗಳ ಚೀಲವನ್ನು ಎಳೆದುಕೊಂಡು ಕಲ್ಲಿದ್ದಲಿನ ಕೊಟ್ಟಿಗೆಗೆ ಹೊರಟ. ಅಲ್ಲಿ ಎಸೆದು ಬಿಡುವುದೇ ಅವನ ಲೆಕ್ಕಾಚಾರ. ಆ ಕೊಟ್ಟಿಗೆಯ ಬಾಗಿಲಿದೆಯಲ್ಲ, ಕಡಲ ಮಂಜು ಕುಡಿದು ಉಬ್ಬಿ, ಪ್ರತಿ ವಸಂತದಲ್ಲೂ ತಳದಲ್ಲಿ ಕಚ್ಚಿಕೊಳ್ಳುತ್ತದೆ. ಒಂದಿಷ್ಟು ತೋಪಡಾ ಹೊಡೆದು ತಳದ ಮರ ಸವರು ಎಂದು ಮದುವೆಯಾದಾಗಿನಿಂದ ಬಡಕೊಳ್ಳುತ್ತಿದ್ದೇನೆ. ಓಣಿ ಇಕ್ಕಟ್ಟು, ಬಾಗಿಲು ಅವನ ಎಡಕ್ಕೆ. ಚೀಲ ಕೆಳಗಿಟ್ಟು, ಕೈಗೆ ಸಿಕ್ಕ ಒಂದು ಕೋಲಿನ ತಲೆಯನ್ನು ಬಾಗಿಲಿನ ಬುಡಕ್ಕೆ ಒತ್ತಿ ನೂಕಿದ. ಬಾಗಿಲು ಜಗ್ಗಲಿಲ್ಲ. ಬೈದುಕೊಂಡ, ಇನ್ನಷ್ಟು ನೂಕಿದ. ಕೈಗಳು ಮುಂದೆ ಹೋದವು, ಸೊಂಟ ಮುಂದೆ ಹೋಯಿತು, ಬಲ ಹಿಮ್ಮಡಿ ನೆಲ ಬಿಟ್ಟು ಎದ್ದಿತು.

ನಾನು ಆಲೂಗಡ್ಡೆ ಬಿಸಾಕಿ ಕಿಟಕಿಯಿಂದ ಕಿರುಚಿದೆ: “ಅಲ್ಲೇ ನಿಲ್ಲು! ಅಲ್ಲಾಡಬೇಡ!”

“ಏನೇ? ಹಾವಾ?”

“ಹಾವೂ ಇಲ್ಲ, ಹಲ್ಲಿಯೂ ಇಲ್ಲ. ಹಾಗೇ ಒತ್ತಿ ಹಿಡ್ಕೋ!” ಓಡಿ ಹೋದೆ, ಕೈಯಲ್ಲಿ ಚಾಕು ಇದ್ದದ್ದೂ ಗೊತ್ತಿಲ್ಲ. ಅವನು ಚಾಕು ನೋಡಿ ಇನ್ನೂ ಗಾಬರಿಯಾದ.

“ಯಾವ ಕಾಲ ಮೇಲೆ ನಿಂತಿದ್ದೀಯ ನೋಡ್ಕೋ, ಮುದುಕಾ!”

ಅವನು ತಲೆ ತಗ್ಗಿಸಿ ನೋಡಿಕೊಂಡ. ಇಡೀ ವಾಟಿ, ಅವನ ಹೊಟ್ಟೆ, ಅವನ ಸಿಟ್ಟು, ಎಲ್ಲ ಎಡಗಾಲಿನ ಮೇಲಿತ್ತು. ಐಲಿ ನಿಂತು ತೋರಿಸಿದ್ದು ಇದನ್ನೇ, ಕೂದಲೆಳೆಯೂ ವ್ಯತ್ಯಾಸವಿಲ್ಲ.

“ನೋವಿದೆಯಾ?” ಎಂದೆ.

“ಇಲ್ಲ.”

“ಬೀಳ್ತೀಯಾ?”

ಎಡಗಾಲನ್ನು ಇನ್ನಷ್ಟು ಒತ್ತಿ ನೋಡಿದ. “ಇಲ್ಲ” ಎಂದ, ತನಗೇ ನಂಬಿಕೆಯಿಲ್ಲದವನ ಹಾಗೆ. “ಬೀಳ್ತಾ ಇಲ್ಲ ಕಣೇ ನೆಟ್ಟಿ.”

“ಬಾಗಿಲಿಗಾದ್ರೆ ಆ ಕಾಲು ಬೇಕು, ಚೆಂಡಿಗಾದ್ರೆ ಬೇಡವಾ? ಬಾಗಿಲೇನು ನಿನಗೆ ಭಾವಮೈದುನನಾ?”

ಅವನು ನಕ್ಕ. ಸೊಂಟ ಬದಲಾದಮೇಲೆ ಹಾಗೆ ನಕ್ಕದ್ದು ಅದೇ ಮೊದಲು. ಆ ನಗುವಿಗೇ ಬಾಗಿಲು ಧಡಕ್ಕೆಂದು ತೆರೆಯಿತು. ಇವನು ಮುಗ್ಗರಿಸಿದ, ಬೀಳಲಿಲ್ಲ. ಎಡಗಾಲು ಹಿಡಿದು ನಿಲ್ಲಿಸಿತು. ಚೀಲವನ್ನು ಒಳಗೆ ಎಸೆಯಲಿಲ್ಲ. ಬಾಗಿಲನ್ನೇ ಮತ್ತೆ ಎಳೆದು ಮುಚ್ಚಿಕೊಂಡು, ಮತ್ತೆ ಕೋಲು ಒತ್ತಿದ.

ಅಲ್ಲಿಂದ ಮುಂದೆ ದಿನಾ ಬೆಳಗ್ಗೆ ಸಂಜೆ ಅದೇ ಪೂಜೆ. ಬಾಗಿಲು ನೂಕುವುದು, ಆ ಒತ್ತಡ ಮೈಗೆ ಹತ್ತಿದ ಕೂಡಲೇ ಪಕ್ಕಕ್ಕೆ ಬಂದು ಒಂದು ಚೆಂಡು ಹೊಡೆಯುವುದು. ಮೊದಮೊದಲು ಹೆಗ್ಗಣಗಳೇ ಗೆದ್ದವು. ಆಮೇಲೊಂದು ಚೆಂಡು ಚಿಟ್ಟೆಂದು ಹಾರಿ ಪಕ್ಕದ ಮನೆಯ ಮಿಸೆಸ್ ರೆನಿಯ ಒಗೆದ ಬಟ್ಟೆಗೆ ಬಡಿಯಿತು. ಅವಳು ಬೈದಳು. ನಾನು ಒಂದು ರೊಟ್ಟಿ ಕೊಟ್ಟು, “ಇನ್ನೂ ಸ್ವಲ್ಪ ಬಟ್ಟೆ ಒಣಹಾಕು ತಾಯಿ, ಗುರಿಗೆ ಒಳ್ಳೇದು” ಎಂದೆ.

ಒಂದು ದಿನ ಡೋಡ್ ಬಂದು ಬೇಲಿಯ ಮೇಲೆ ಗಲ್ಲ ಊರಿ ನಿಂತ. “ಏನಮ್ಮಾ ಇದು, ಬಾಗಿಲ ಜೊತೆ ಕುಸ್ತಿ?”

“ಬಾಗಿಲು ನಿನಗಿಂತ ವಾಸಿ. ಬಾಯಿ ಮುಚ್ಕೊಂಡಿರುತ್ತೆ” ಎಂದ ವಾಟಿ, ತಲೆಯೆತ್ತದೆ. ಚೆಂಡು ಹೊಡೆದ. ಡೋಡ್ ಅದು ಹೋದ ದಾರಿಯನ್ನು ನೋಡಿದ, ವಾಟಿಯನ್ನು ನೋಡಿದ, ನನ್ನನ್ನು ನೋಡಿದ. “ಶನಿವಾರ ಹತ್ತು ಗಂಟೆ” ಎಂದಷ್ಟೇ ಹೇಳಿ ಹೊರಟು ಹೋದ. ಓಣಿಯ ತಿರುವಿನಲ್ಲಿ ಅವನು ಕರವಸ್ತ್ರ ತೆಗೆದದ್ದು ನನಗೆ ಕಾಣಿಸಿತು.

ಪಂದ್ಯದ ದಿನ ಗಾಳಿ ಕಡಲಿನಿಂದ ಬೀಸುತ್ತಿತ್ತು, ಬಿಸಿಲೂ ಇತ್ತು. ನಾನು ಅಂಗಡಿ ಮುಚ್ಚಿ ಹೋದೆ. ಎಲ್ಲ ಹೊಡೆತಗಳೂ ಚೆನ್ನಾಗಿದ್ದವು ಎಂದರೆ ಸುಳ್ಳಾಗುತ್ತದೆ. ಆಗಾಗ ಹಳೇ ಹೆದರಿಕೆ ಬಂದು ಅವನನ್ನು ಹಿಂದಕ್ಕೆ ಎಳೆಯುತ್ತಿತ್ತು, ಹೆಂಟೆ ಹಾರುತ್ತಿತ್ತು. ಡೋಡ್ ಹುಬ್ಬೂ ಗಂಟಿಕ್ಕದೆ ಪೊದೆಗಳೊಳಗಿಂದ ಚೆಂಡನ್ನು ಹೊರಗೆ ಹೊಡೆದ. ಕೊನೆಯ ಗುಳಿಗೆ ಬರುವಾಗ ಎರಡೂ ಜೋಡಿ ಸಮ. ಇನ್ವರ್‌ಡೂಲಿನವರ ಚೆಂಡು ಹಳ್ಳ ದಾಟಿ ಗುಳಿಯ ಹತ್ತಿರದ ಹುಲ್ಲಿನ ಅಂಚಿನಲ್ಲಿ ಕೂತಿತ್ತು. ನಮ್ಮ ಚೆಂಡು ಹಳ್ಳದ ಈಚೆ, ಬರಿಯ ನೆಲದ ಮೇಲೆ. ಹೊಡೆಯಬೇಕಾದವನು ವಾಟಿ.

ಅವನು ಚೆಂಡಿನ ಪಕ್ಕ ನಿಂತ. ಒಮ್ಮೆ ಹಳ್ಳವನ್ನು ನೋಡಿದ.

“ವಾಟಿ,” ಎಂದ ಡೋಡ್, “ಬಾಗಿಲು.”

ಕೋಲು ಮೇಲೆ ಹೋಯಿತು, ಇಳಿಯಿತು. ಆ ಸದ್ದು ನನಗೆ ಕೇಳಿಸಿತು, ಗರಿಗರಿ ರೊಟ್ಟಿ ಮುರಿದ ಹಾಗೆ, ಚಿಟ್. ಚೆಂಡು ಎದ್ದು, ಹಳ್ಳವನ್ನು ದಾಟಿ, ನುಣುಪು ಹುಲ್ಲಿನ ಮೇಲೆ ಬಿದ್ದು, ಗುಳಿಯ ಪಕ್ಕ ಬಂದು ನಿಂತಿತು. ಎಲ್ಲರೂ ಅತ್ತ ನೋಡಿ ಕೂಗುತ್ತಿದ್ದರು. ನಾನು ಇತ್ತ ನೋಡುತ್ತಿದ್ದೆ. ಕಿತ್ತು ಬಂದ ಹೆಂಟೆಯ ಗುರುತು ಚೆಂಡಿದ್ದ ಜಾಗದ ಮುಂದೆ ಇತ್ತು, ಹಿಂದೆ ಅಲ್ಲ. ವಾಟಿ ಹೋಗಿ ಹೆಂಟೆಯನ್ನು ಹೆಕ್ಕಿ ತಂದ, ನಮ್ಮ ಮೈದಾನದ ರೂಢಿಯಂತೆ ಅದರ ಜಾಗದಲ್ಲಿ ಕೂರಿಸಿದ, ಆಮೇಲೆ ತುಳಿದು ಭದ್ರ ಮಾಡಿದ. ಬಲಗಾಲಿನಿಂದ ತುಳಿದ. ಎಡಗಾಲಿನ ಮೇಲೆ ಒಂಟಿಯಾಗಿ ನಿಂತು, ಏನನ್ನೂ ಹಿಡಿದುಕೊಳ್ಳದೆ, ಮತ್ತೆ ಮತ್ತೆ ತುಳಿದ. ಹಾಗೆ ನಿಂತಿದ್ದೇನೆಂದು ಅವನಿಗೆ ಗೊತ್ತೇ ಇರಲಿಲ್ಲ. ನಾನು ಅತ್ತುಬಿಟ್ಟೆ, ನಾಚಿಕೆಯಿಲ್ಲದೆ, ಇನ್ವರ್‌ಡೂಲಿನವರ ಎದುರೇ.

ಇನ್ವರ್‌ಡೂಲಿನವರು ಅಂಚಿನಿಂದ ಗುಳಿ ಸೇರಲು ಇನ್ನೆರಡು ಹೊಡೆತ ತೆಗೆದುಕೊಂಡರು; ಇನ್ನು ಗೆಲ್ಲಲಿಕ್ಕೆ ಡೋಡ್ ನಮ್ಮ ಚೆಂಡನ್ನು ಒಂದೇ ಹೊಡೆತಕ್ಕೆ ಗುಳಿಯೊಳಕ್ಕೆ ತಳ್ಳಿದರೆ ಆಯಿತು. ನನ್ನ ಬೆಕ್ಕೂ ತಳ್ಳಬಹುದಾಗಿದ್ದ ದೂರ. ಡೋಡ್ ಬಗ್ಗಿದ, ಎದ್ದ, ಮತ್ತೆ ಬಗ್ಗಿದ, ಗಾಳಿ ನೋಡಿದ, ತಳ್ಳಿದ. ಚೆಂಡು ಗುಳಿಯ ಅಂಚಿಗೆ ಮುತ್ತಿಟ್ಟು ಆಚೆ ಹೋಯಿತು. ಆಟ ಸಮವಾಯಿತು, ಅದೊಂದರಿಂದಾಗಿ ಬೆಳ್ಳಿ ಜಗ್ಗು ಇನ್ವರ್‌ಡೂಲಿನಲ್ಲೇ ಉಳಿಯಿತು.

ಡೋಡ್ ಸತ್ತ ಮೀನಿನ ಹಾಗೆ ನಿಂತಿದ್ದ. ವಾಟಿ ಅವನ ಹೆಗಲ ಮೇಲೆ ಕೈಹಾಕಿದ. “ಹೋಗಲಿ ಬಿಡೋ. ಮುಂದಿನ ವರ್ಷ ನೀನು ಹಲ್ಲಿನ ಡಾಕ್ಟ್ರನ್ನ ನೋಡು. ಹಲ್ಲಲ್ಲ, ಕಣ್ಣು ಕೀಳಿಸ್ಕೋ, ಹೇಗಿದ್ರೂ ಉಪಯೋಗಕ್ಕೆ ಬರ್ತಾ ಇಲ್ಲ.” ಇಬ್ಬರೂ ನಕ್ಕು ನಕ್ಕು ಹಳ್ಳಕ್ಕೆ ಬೀಳುವುದೊಂದು ಬಾಕಿ.

ಮರುದಿನ ಭಾನುವಾರ. ನಾನು ಇನ್ನೂ ಹೊದಿಕೆಯೊಳಗಿದ್ದೆ, ಕಣ್ಣು ಅರ್ಧ ಮುಚ್ಚಿತ್ತು. ವಾಟಿ ಕಿಟಕಿಯ ಹತ್ತಿರ ನಿಂತು ಏನೋ ಗುನುಗುತ್ತ ಪ್ಯಾಂಟು ಹಾಕಿಕೊಳ್ಳುತ್ತಿದ್ದ. ಮಂಚ ಪಕ್ಕದಲ್ಲೇ ಇತ್ತು. ನಾನು ನಿದ್ದೆ ಬಂದವಳ ಹಾಗೆ ಬಿದ್ದುಕೊಂಡಿದ್ದೆ.

“ನೆಟ್ಟಿ,” ಎಂದ, ಬೆಲ್ಟು ಬಿಗಿಯುತ್ತ, “ಇವತ್ತು ಪುರುಸೊತ್ತಿದೆ. ಆ ಕೊಟ್ಟಿಗೆ ಬಾಗಿಲಿಗೆ ತೋಪಡಾ ಹೊಡೆದುಬಿಡ್ತೀನಿ.”

“ಮುಟ್ಟು ನೋಡೋಣ,” ಎಂದೆ, “ಕೈ ಮುರೀತೀನಿ.”