ಸವರಿಗೆ ಇಟ್ಟ ಎಡೆ

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಸವರಿಮುತ್ತುವಿಗೆ ತಾನು ದಿನ ನೋಡಿ ಹೊರಡಲಿಲ್ಲವಲ್ಲ ಅನ್ನಿಸಿತು. ರಸ್ತೆಯುದ್ದಕ್ಕೂ ಬಾಳೆ ಎಲೆ, ಬೂದುಗುಂಬಳ, ಧೂಪದ ಪೊಟ್ಟಣ. ಕೋಳಿ ಅಂಗಡಿಗಳ ಮುಂದೆ ಜನ ಬಿಟ್ಟಿ ಸಿಗುತ್ತದೇನೋ ಅನ್ನುವ ಹಾಗೆ ಮುಗಿಬಿದ್ದಿದ್ದರು. ಮಾಲಯ ಅಮಾವಾಸ್ಯೆ. ಸತ್ತ ಹಿರಿಯರಿಗೆ ಎಡೆ ಇಡುವ ಹಬ್ಬ. ಹನೂರಿನಲ್ಲಿ ಬಸ್ ತುಂಬ ಹೆಂಗಸರು ಮಕ್ಕಳು ಹತ್ತಿದ್ದು ಯಾಕೆ ಅಂತ ಈಗ ತಿಳಿಯಿತು.

ವಾಪಸ್ ಹೋಗಿಬಿಡೋಣವಾ ಅಂದುಕೊಂಡ. ಹಬ್ಬದ ಮನೆಗೆ ಹೋದರೆ ಊಟಕ್ಕೆ ಕೂರು ಅಂತಾರೆ. ಎಡೆಗೆ ಇಟ್ಟದ್ದನ್ನೇ ಬಡಿಸುತ್ತಾರೆ. ಉಂಡರೆ ತನ್ನ ಪ್ರಾರ್ಥನಾ ಕೂಟದವರು ಒಪ್ಪುವುದಿಲ್ಲ, ಬೇಡ ಅಂದರೆ ಮನೆಯವರು ಒಪ್ಪುವುದಿಲ್ಲ. ಆದರೆ ರಜೆ ಮುಗಿಯುತ್ತ ಬಂದಿತ್ತು. ಇವತ್ತು ಬಿಟ್ಟರೆ ಹಳೆಯ ಗೆಳೆಯ ಮಂಟೇಸ್ವಾಮಿಯ ಮುಖ ನೋಡುವುದು ಮುಂದಿನ ರಜೆಯ ಮಾತು. ಸೇಬಿನ ಚೀಲ ಹಿಡಿದುಕೊಂಡು ಯಳಂದೂರಿನ ಬಸ್ ಹತ್ತಿದ.

ಸವರಿ, ಮಂಟೇಸಿ ಇಬ್ಬರೂ ಒಂದು ಕಾಲದಲ್ಲಿ ಒಂದೇ ಬೋರ್‌ವೆಲ್ ಲಾರಿಯಲ್ಲಿ ದುಡಿದವರು. ಸವರಿ ಮಾರ್ಟಳ್ಳಿಯವನು, ಹುಟ್ಟಿನಿಂದ ಕ್ರೈಸ್ತ, ಮನೆಮಾತು ತಮಿಳು. ಮಂಟೇಸಿ ಯಳಂದೂರು ಕಡೆಯ ಒಕ್ಕಲು ಮಗ. ಹೊಲದಿಂದ ಹೊಲಕ್ಕೆ ಅಲೆದು, ಲಾರಿಯ ಅಡಿಯಲ್ಲೇ ಮಲಗಿ, ನೀರು ಬಿದ್ದ ದಿನ ಹೊಲದ ಯಜಮಾನ ಕೊಡಿಸಿದ ಬಾಟಲಿಯನ್ನು ಹಂಚಿಕೊಂಡು ಕುಡಿದವರು. ಕೊರೆಯುವ ಮುಂಚೆ ತೆಂಗಿನಕಾಯಿ ಒಡೆಯುತ್ತಿದ್ದವನು ಸವರಿಯೇ. ಅವನ ಕೈಗುಣಕ್ಕೆ ನೀರು ಬರುತ್ತದೆ ಅಂತ ಮಂಟೇಸಿ ಊರೂರಲ್ಲೂ ಸಾರಿಕೊಂಡು ಬಂದಿದ್ದ. ನೀರು ಸಿಗದೆ ಬರೀ ಕಲ್ಲಿನ ಬೂದಿ ಹಾರಿದ ದಿನ, "ಯೇಸಪ್ಪಂಗೂ ಮಾದಪ್ಪಂಗೂ ಇವತ್ತು ಮಾತುಕತೆ ಇಲ್ಲ ಕಣ್ಲಾ" ಅನ್ನುತ್ತಿದ್ದ.

ಮಾಲಯ ಬಂತೆಂದರೆ ಮಂಟೇಸಿಯ ತಾಯಿ ಕೆಂಪಾಜಮ್ಮ ಮೊದಲ ಎಲೆಯನ್ನು ಸವರಿಗೇ ಹಾಕಿಸುತ್ತಿದ್ದಳು. ಬಡಿಸುತ್ತಿದ್ದವಳು ಮಂಟೇಸಿಯ ಹೆಂಡತಿ ಯಶೋದ. ನಿಮ್ಮ ಪಾದ್ರಿಗಳಿಗೆ ಹೇಳಿಕೊಡ್ತೀನಿ ನೋಡಣ್ಣ ಅಂತ ಕಿಚಾಯಿಸುತ್ತಲೇ ಇನ್ನೊಂದು ಸೌಟು ಸುರಿಯುವಳು.

ಸವರಿ ಕುವೈತಿಗೆ ಹೋದದ್ದು ಡ್ರೈವರ್ ಕೆಲಸಕ್ಕೆ. ಕುಡಿತವೂ ಜೊತೆಗೇ ಹೋಯಿತು. ಹೆಂಡ ಮಾರದ ದೇಶದಲ್ಲೂ ಕುಡಿಯುವವನಿಗೆ ದಾರಿ ಗೊತ್ತಿರುತ್ತದೆ. ಯಾರೋ ಕದ್ದು ಕಾಸಿದ್ದನ್ನು ಕುಡಿದು, ರಕ್ತ ಕಾರಿ, ಕ್ಯಾಂಪಿನ ಬಚ್ಚಲಲ್ಲಿ ಬಿದ್ದಿದ್ದವನನ್ನು ಹೊತ್ತುಕೊಂಡು ಹೋದವರು ಪ್ರಾರ್ಥನಾ ಕೂಟದವರು. ಕೂಟ ನಡೆಸುತ್ತಿದ್ದ ನಾಗರಕೋಯಿಲಿನ ಬ್ರದರ್ ಮಗುವಿಗೆ ಉಣಿಸಿದ ಹಾಗೆ ಗಂಜಿ ಕುಡಿಸಿದ. ಸವರಿ ಬದುಕಿಕೊಂಡ, ಕುಡಿತ ಬಿಟ್ಟ. ಸಣ್ಣ ಮಾತಲ್ಲ ಅದು. ಅವನ ಹೆಂಡತಿ ಲೂರ್ದಮೇರಿ ಫೋನಿನಲ್ಲಿ ನಗುವುದನ್ನು ಅವನು ಕೇಳಿದ್ದು ಅದಾದ ಮೇಲೆಯೇ.

ಆದರೆ ಬ್ರದರ್ ಅವನಿಂದ ಒಂದು ಮಾತು ತೆಗೆದುಕೊಂಡಿದ್ದ. ಹಳೆಯ ಸಹವಾಸ ಇಟ್ಟುಕೊಂಡು ಹೊಸ ಬಾಳು ಆಗದು. ಕುಡಿಸಿದವರು, ಎಡೆ ಉಣಿಸಿದವರು, ಎಲ್ಲರನ್ನೂ ಬಿಟ್ಟುಬಿಡಬೇಕು. ಸವರಿ ಫೋನಿನಿಂದ ಒಂದೊಂದೇ ಹೆಸರು ಅಳಿಸುತ್ತ ಬಂದ. ಕಳೆ ಕೀಳುವ ಭರದಲ್ಲಿ ಪೈರೂ ಕೈಗೆ ಬರುತ್ತದೆ. ಕೀಳುವವನಿಗೆ ಅದು ತಿಳಿಯುವುದು ಹೊಲ ಬೋಳಾದ ಮೇಲೆ.

ಮಂಟೇಸಿಯ ಹೆಸರು ಅಳಿಸಲು ಮಾತ್ರ ಮನಸ್ಸು ಬಂದಿರಲಿಲ್ಲ. ಕೊರೊನಾದ ಎರಡನೇ ಸುತ್ತಿನ ಕಾಲ. ಒಂದು ಶುಕ್ರವಾರ ರೂಮಿನಲ್ಲಿ ಏಳೆಂಟು ಜನ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದಾಗ ಮಂಟೇಸಿಯ ಫೋನ್ ಬಂತು. ಕುಡಿದು ಮಾಡಿರುತ್ತಾನೆ ಅಂದುಕೊಂಡು ಸವರಿ ಕಟ್ ಮಾಡಿದ. ಮತ್ತೆ ಬಂತು. ಬ್ರದರ್ ಕಣ್ಣು ಬಿಟ್ಟು ನೋಡಿದ. ಸವರಿ ಫೋನನ್ನೇ ಆಫ್ ಮಾಡಿದ. ಮಾರನೆಯ ದಿನ ಸಿಮ್ ಬದಲಾಯಿಸಿದ.

ಆಮೇಲಿನ ವರ್ಷಗಳಲ್ಲಿ ಕೂಟದವರು ಕೆಲಸ ಮುಗಿಸಿ ಅವರವರ ಊರಿಗೆ ಹೋದರು. ಬ್ರದರ್ ಕೆನಡಾ ಸೇರಿದ. ಹೊಸಬರು ಬಂದರು, ಒಳ್ಳೆಯವರೇ. ಶುಕ್ರವಾರ ಕೈ ಕುಲುಕಿ ದೇವರು ಆಶೀರ್ವದಿಸಲಿ ಅನ್ನುವರು, ಶನಿವಾರ ರಸ್ತೆಯಲ್ಲಿ ಸಿಕ್ಕರೆ ಹೆಸರಿಗೆ ತಡಕಾಡುವರು. ತನ್ನನ್ನು ಲೇ ಸವರಿ ಅಂತ ಕರೆಯುವವನು ಲೋಕದಲ್ಲಿ ಒಬ್ಬನಾದರೂ ಬೇಕು ಅನ್ನಿಸತೊಡಗಿತು. ಮಂಟೇಸಿಯ ಮುಂದೆ ನಿಂತು ತಪ್ಪಾಯಿತು ಅನ್ನಬೇಕು, ನಾಲ್ಕು ಬೈಸಿಕೊಳ್ಳಬೇಕು, ಅವನನ್ನು ಮತ್ತೆ ಪಡೆಯಬೇಕು. ಫೋನಿನಲ್ಲಿ ಆಗುವ ಕೆಲಸವಲ್ಲ ಅಂತ ರಜೆಯ ತನಕ ಕಾದಿದ್ದ.

ಮಂಟೇಸಿಯ ಊರೊಳಗೆ ಕಾಲಿಟ್ಟಾಗ ಬಿಸಿಲು ಇಳಿದಿತ್ತು. ಬೀದಿಯ ಎಷ್ಟೋ ಮನೆಗಳ ಬಾಗಿಲು ಮುಚ್ಚಿತ್ತು, ಮನೆಯವರು ಜಗಲಿಯ ಮೇಲೆ ಕೂತಿದ್ದರು. ಆ ಕಡೆಯ ಪದ್ಧತಿ ಅದು. ಒಳಗೆ ಎಡೆ ಇಟ್ಟು ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಕದ ಎಳೆದುಕೊಳ್ಳುತ್ತಾರೆ. ಸತ್ತವರು ಬಂದು ಉಂಡು ಹೋಗಲಿ ಅಂತ. ಸ್ವಲ್ಪ ಹೊತ್ತು ಬಿಟ್ಟು, ಕದ ತಟ್ಟಿ, ಆಮೇಲೆ ಒಳಗೆ ಹೋಗುತ್ತಾರೆ. ಅಲ್ಲಿಯ ತನಕ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ.

ಮಂಟೇಸಿಯ ಮನೆಯ ಕದವೂ ಮುಚ್ಚಿತ್ತು. ಜಗಲಿಯ ಮೇಲೆ ಅವನೂ ಕೆಂಪಾಜಮ್ಮನೂ ಇಬ್ಬರೇ ಕೂತಿದ್ದರು. ಮುದುಕಿಯೇ ಮೊದಲು ನೋಡಿದಳು. ಬೆಚ್ಚಲಿಲ್ಲ, ಏಳಲೂ ಇಲ್ಲ. ಕಾದಿದ್ದವರು ಬಂದರು ಅನ್ನುವ ಹಾಗೆ ತಲೆಯಾಡಿಸಿದಳು.

"ಬಂದ್ಯಾ ಮಗಾ. ಒಳಕ್ಕೋಗಪ್ಪಾ. ನಿಂಗೂ ಇಕ್ಕಿವಿ."

ಸವರಿಗೆ ಎದೆ ತುಂಬಿತು. ಇಷ್ಟು ವರ್ಷ ಆದರೂ ಅವ್ವನಿಗೆ ಬೇಜಾರಿಲ್ಲವಲ್ಲ ಅಂದುಕೊಂಡ. ಆದರೆ ಮಂಟೇಸಿ ಎದ್ದು ನಿಂತ ರೀತಿ ಬೇರೆ ಇತ್ತು. ಗಡ್ಡ ನರೆತಿತ್ತು, ಮುಖದಲ್ಲಿ ರಕ್ತವೇ ಇರಲಿಲ್ಲ. ಅವನು ಸವರಿಯ ಮುಖ ನೋಡಲಿಲ್ಲ. ಮೊದಲು ಕಾಲು ನೋಡಿದ. ಆಮೇಲೆ ನೆಲದ ಮೇಲೆ ಬಿದ್ದ ನೆರಳು ನೋಡಿದ. ಜಗಲಿ ಇಳಿದು ಬಂದು, ಕೋಳಿ ಕೊಳ್ಳುವವನು ಹಿಸುಕಿ ನೋಡುವ ಹಾಗೆ ಸವರಿಯ ತೋಳು ಹಿಡಿದು ನೋಡಿದ.

"ಲೇ ಸವರಿ," ಅಂದ ಮೆಲ್ಲಗೆ. "ಬದ್ಕಿದ್ದಿಯೇನ್ಲಾ."

ಆಮೇಲೆ ಅಪ್ಪಿಕೊಂಡ. ಅಳು ಅವನ ಗಂಟಲಿನಿಂದ ಬರಲಿಲ್ಲ, ಇನ್ನೂ ಎಲ್ಲೋ ಕೆಳಗಿನಿಂದ ಬಂತು. ಎದುರು ಮನೆಯವರು ಜಗಲಿಯಿಂದಲೇ ಕತ್ತು ಚಾಚಿದರು.

ಬಿಕ್ಕುತ್ತಲೇ ಮಂಟೇಸಿ ಹೇಳಿದ್ದು ಇಷ್ಟು. ಫೋನ್ ಸತ್ತುಹೋದ ಮೇಲೆ, ಬಸ್ಸುಗಳು ಓಡಲು ಶುರುವಾದ ಕೂಡಲೇ ಅವನು ಮಾರ್ಟಳ್ಳಿಗೆ ಹೋಗಿದ್ದ. ಸವರಿಯ ಮನೆಗೆ ಬೀಗ. ಲೂರ್ದಮೇರಿ ಮಕ್ಕಳನ್ನು ಕಟ್ಟಿಕೊಂಡು ಮೆಟ್ಟೂರಿನ ತವರಿಗೆ ಹೋಗಿದ್ದಳು. ಕುವೈತಿನ ಸವರಿಮುತ್ತು ಎಲ್ಲಿ ಅಂತ ಅಂಗಡಿಯವನನ್ನು ಕೇಳಿದ. ಕೊರೊನಾದಲ್ಲಿ ಹೋಗಿಬಿಟ್ಟ, ಹೆಣವೂ ಬರಲಿಲ್ಲ, ಅಲ್ಲೇ ಮಣ್ಣು ಮಾಡಿದರಂತೆ ಅಂದ ಅಂಗಡಿಯವನು. ಅವನು ಹೇಳಿದ್ದು ಸುಳ್ಳಲ್ಲ. ಮಾರ್ಟಳ್ಳಿಯಲ್ಲಿ ಬೀದಿಗೊಬ್ಬ ಸವರಿಮುತ್ತು ಇದ್ದಾನೆ. ಕುವೈತಿಗೆ ಹೋದವರೇ ಇಬ್ಬರು, ಸತ್ತವನು ಇನ್ನೊಬ್ಬ. ಊರಿನವರಾದರೆ ಮನೆತನದ ಹೆಸರು ಹಿಡಿದು ಕೇಳುತ್ತಾರೆ. ಮಂಟೇಸಿಗೆ ಅದು ಗೊತ್ತಿರಲಿಲ್ಲ. ಬಂದ ಬಸ್ಸಿನಲ್ಲೇ ಅಳುತ್ತ ವಾಪಸ್ ಬಂದಿದ್ದ.

ಮಂಟೇಸಿ ಕಣ್ಣೊರೆಸಿಕೊಂಡು ಕದ ತಟ್ಟಿ ತೆಗೆದ. ಸವರಿಯ ಕೈ ಬಿಡದೆ ಒಳಗೆ ಕರೆದುಕೊಂಡು ಹೋದ. ಧೂಪದ ಹೊಗೆ ಕಣ್ಣಿಗೆ ಹತ್ತಿತು. ಗೋಡೆಯ ಬುಡದಲ್ಲಿ ಸಾಲಾಗಿ ಎಲೆಗಳು. ಮಂಟೇಸಿಯ ಅಪ್ಪನ ಫೋಟೊ, ತಾತನದು ಅಂತ ಒಂದು ಕಳಶ. ಅದರ ಪಕ್ಕದಲ್ಲಿ ಸವರಿಯ ಫೋಟೊ. ಬೋರ್‌ವೆಲ್ ಲಾರಿಯ ಮುಂದೆ ಇಬ್ಬರೂ ನಿಂತು ತೆಗೆಸಿಕೊಂಡಿದ್ದರಲ್ಲಿ ಸವರಿಯನ್ನು ಮಾತ್ರ ಕತ್ತರಿಸಿ ಕಟ್ಟು ಹಾಕಿಸಿದ್ದರು. ಹೆಗಲ ಮೇಲೆ ಮಂಟೇಸಿಯ ಕೈ ಹಾಗೇ ಉಳಿದಿತ್ತು. ಮುಂದಿನ ಎಲೆಯಲ್ಲಿ ಮುದ್ದೆ, ನಾಟಿಕೋಳಿ ಸಾರು, ವಡೆ, ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್ ಬಾಟಲಿ. ಎಲ್ಲರಿಗೂ ಎಣ್ಣೆಯ ದೀಪ, ಅವನಿಗೆ ಮಾತ್ರ ಮೇಣದ ಬತ್ತಿ. ಅವನ ಕಡೆಯವರಿಗೆ ಅದೇ ಸಲ್ಲುವುದಂತೆ ಅಂತ ಮಂಟೇಸಿ ಕಾಮಗೆರೆ ಚರ್ಚಿನ ಹತ್ತಿರ ಕೇಳಿ ತಂದಿದ್ದ.

ಮೇಣದ ಬತ್ತಿಯ ಆಚೆ ಇನ್ನೊಂದು ಫೋಟೊ ಇತ್ತು. ಯಶೋದ.

ಸವರಿ ಕೂತುಬಿಟ್ಟ. ಯಾವಾಗ ಅಂತ ಕೇಳಿದ. ಕೇಳುವ ಮುಂಚೆಯೇ ಉತ್ತರ ತಿಳಿದಂತಾಗಿತ್ತು. ಕೊರೊನಾ. ಯಳಂದೂರಿನಲ್ಲಿ ಆಗದು ಅಂದರು, ಕೊಳ್ಳೇಗಾಲದಲ್ಲಿ ಬೆಡ್ ಇಲ್ಲ ಅಂದರು, ಮೈಸೂರಿನ ದಾರಿಯಲ್ಲಿ ಆಂಬುಲೆನ್ಸಿನಲ್ಲೇ ಉಸಿರು ನಿಂತಿತು. ಒಂದು ಶುಕ್ರವಾರ.

ಮಂಟೇಸಿ ಎದುರಿಗೆ ಕುಕ್ಕರುಗಾಲಲ್ಲಿ ಕೂತ. ಮುಖದಲ್ಲಿ ಇನ್ನೂ ಸಂತೋಷ ಇತ್ತು. ಕೇಳಿದ್ದು ಒಂದೇ ಮಾತು.

"ಅವತ್ತು ನಿಂಗೆ ಎರಡ್ ಸಲ ಮಾಡ್ದೆ ಕಣ್ಲಾ. ನೀನೂ ಆಸ್ಪತ್ರೇಲಿ ಬಿದ್ದಿದ್ಯಾ? ಅದ್ಕೇ ಎತ್ನಿಲ್ವಾ?"

ಪ್ರಶ್ನೆಯ ಒಳಗೇ ಉತ್ತರ ಇಟ್ಟು ಕೈಗೆ ಕೊಟ್ಟಿದ್ದ. ಹೂಂ ಅಂದಿದ್ದರೆ ಸಾಕಿತ್ತು. ಲೋಕ ಕಂಡವರು ಯಾರಾದರೂ ಹೂಂ ಅನ್ನುತ್ತಿದ್ದರು, ಇಬ್ಬರಿಗೂ ಒಳ್ಳೆಯದಾಗುತ್ತಿತ್ತು. ಸವರಿಯ ನಾಲಗೆಯ ತುದಿಗೂ ಬಂತು. ಆದರೆ ಅವನು ಕುಡಿತದ ಜೊತೆಯಲ್ಲೇ ಸುಳ್ಳನ್ನೂ ಬಿಟ್ಟಿದ್ದ. ಒಂದು ಬಂದರೆ ಅದರ ಹಿಂದೆ ಇನ್ನೊಂದೂ ಬರುತ್ತದೆ ಅನ್ನುವ ಹೆದರಿಕೆ ಅವನಿಗಿತ್ತು. ಅದೂ ಅಲ್ಲದೆ ಯಶೋದ ಎದುರಿಗೇ ಇದ್ದಳು.

"ಇಲ್ಲ ಕಣ್ಲಾ," ಅಂದ. "ಚೆನ್ನಾಗೇ ಇದ್ದೆ. ಪ್ರಾರ್ಥನೇಲಿದ್ದೆ. ನಿನ್ ಹೆಸ್ರು ನೋಡಿ ನಾನೇ ಕಟ್ ಮಾಡ್ದೆ. ಕುಡ್ದಿದ್ದೀಯ ಅನ್ಕಂಡೆ."

ಉಳಿದದ್ದನ್ನೂ ಹೇಳಿದ. ಬ್ರದರಿನ ಮಾತು, ಅಳಿಸಿದ ಹೆಸರುಗಳು, ಬದಲಾಯಿಸಿದ ಸಿಮ್. ತಪ್ಪಾಯಿತು ಅಂದ. ಹೇಳುತ್ತ ಹೇಳುತ್ತ ಮಂಟೇಸಿಯ ಮುಖದ ಸಂತೋಷ, ಒಲೆಯ ಕೆಂಡ ಬೂದಿ ಹೊದ್ದುಕೊಂಡ ಹಾಗೆ, ಮೆಲ್ಲಮೆಲ್ಲಗೆ ಹೋಯಿತು. ಬೈಗುಳಕ್ಕೆ ಸವರಿ ತಯಾರಾಗಿ ಬಂದಿದ್ದ. ಬೈಗುಳ ಬರಲಿಲ್ಲ.

"ಅವತ್ತು ಒಂದ್ ತೊಟ್ಟೂ ಮುಟ್ಟಿರ್ನಿಲ್ಲ ನಾನು," ಅಂದ ಮಂಟೇಸಿ. "ಅವಳ್ನ ಮಡಿಕಂಡು ಆಂಬುಲೆನ್ಸಲ್ಲಿ ಒಬ್ನೇ ಕೂತಿದ್ದೆ. ಡ್ರೈವರ್ರೂ ಇಳ್ದು ದೂರ ನಿಂತ್ಕಂಡಿದ್ದ. ನಿನ್ ಕೈಲಿ ಒಂದ್ ಮಾತಾಡನ ಅನ್ನಿಸ್ತು, ಅಷ್ಟೆ. ಬ್ಯಾರೆ ಏನೂ ಕೇಳ್ತಿರ್ನಿಲ್ಲ."

ಮಂಟೇಸಿ ಸವರಿಯ ಫೋಟೊದ ಕಡೆ ತಿರುಗಿದ.

"ಆಮೇಲೆ ನೀ ಸತ್ತೆ ಅಂತ ಗೊತ್ತಾಯ್ತಲ್ಲ, ಅತ್ಬುಟ್ಟೆ. ಆದ್ರೂ ಒಳಗೊಂದು ನೆಮ್ದಿ ಆಯ್ತು ಕಣ್ಲಾ. ಸಾಯ್ತಾ ಬಿದ್ದಿರೋನು ಫೋನ್ ಎಂಗೆ ಎತ್ತಾನು, ನನ್ ಸವರಿ ಇದ್ದಿದ್ರೆ ಎತ್ದೆ ಇರ್ತಿದ್ನಾ ಅಂತ. ಇಷ್ಟೊರ್ಷ ಅದ್ರಲ್ಲೇ ಬದ್ಕಿವ್ನಿ. ಇವತ್ ಬಂದು ಅದ್ನೂ ಕಿತ್ಕಂಡ್ಯಲ್ಲ."

ಅಷ್ಟು ಹೇಳಿ ಎದ್ದು ಹೊರಗೆ ಹೋಗಿ ಜಗಲಿಯ ಮೇಲೆ ಬೆನ್ನು ಹಾಕಿ ಕೂತ.

ಕೆಂಪಾಜಮ್ಮನಿಗೆ ಎಷ್ಟು ಅರ್ಥವಾಯಿತೋ ತಿಳಿಯದು. ಗೋಡೆ ಹಿಡಿದುಕೊಂಡು ಒಳಗೆ ಬಂದು, ಸವರಿಯ ಫೋಟೊದ ಮುಂದಿದ್ದ ಎಲೆಯಿಂದ ಬೀಡಿ, ಬಾಟಲಿ ತೆಗೆದು ಪಕ್ಕಕ್ಕಿಟ್ಟು, ಎಲೆಯನ್ನು ಅವನ ಮುಂದಕ್ಕೆ ಎಳೆದಳು.

"ಉಣ್ಣು ಮಗಾ. ಸತ್ತೋರಾದ್ರೇನು, ಇರೋರಾದ್ರೇನು, ಮನೆ ಬಾಗ್ಲಿಗೆ ಬಂದೋರು ಅಸ್ಕಂಡು ಓಗ್ಬಾರ್ದು."

ಸವರಿ ಎಲೆ ನೋಡಿದ. ಇಂಥ ಎಲೆಯ ಮುಂದೆ ಇನ್ನು ಕೂರುವುದಿಲ್ಲ ಅಂತ ಬ್ರದರಿನ ಮುಂದೆ ಮಂಡಿಯೂರಿ ಹೇಳಿದ್ದು ನೆನಪಿತ್ತು. ಆ ಮಾತು ಉಳಿಸಿಕೊಳ್ಳಲಿಕ್ಕೇ ಅಲ್ಲವೆ ಇಷ್ಟೆಲ್ಲ ಆದದ್ದು. ಈಗ ಉಂಡರೆ ಹೊರಗೆ ಕೂತವನು ಒಂದು ಸಲ ತಿರುಗಿ ನೋಡಬಹುದೇನೋ ಅನ್ನುವ ಆಸೆಯಿಂದ ಮುದ್ದೆ ಮುರಿದು ಸಾರಿಗೆ ಅದ್ದಿದ. ಸಾರು ಆರಿ ಮೇಲೆ ಕೊಬ್ಬು ಕಟ್ಟಿತ್ತು. ಒಂದು ತುತ್ತೂ ಬಿಡದೆ ಉಂಡ. ಜಗಲಿಯ ಬೆನ್ನು ಅಲುಗಲಿಲ್ಲ.

ಕೈ ತೊಳೆದು ಹೊರಗೆ ಬಂದು, ಬತ್ತೀನಿ ಅಂದ.

ಮಂಟೇಸಿ ಬೀದಿಯ ಕಡೆಗೇ ನೋಡುತ್ತಿದ್ದ. ದನಿಯಲ್ಲಿ ಸಿಟ್ಟಿರಲಿಲ್ಲ.

"ಓಗಿ ಬಾ ಅನ್ನಕ್ಕಾಯ್ತಿಲ್ಲ ಕಣ್ಲಾ, ಓಗು. ಮುಂದ್ಲೊರ್ಷನೂ ಫೋಟೊದಲ್ಲಿರೋ ಅವನ್ಗೆ ಇಕ್ತೀನಿ. ಅವ್ನು ಫೋನ್ ಎತ್ತಿರ್ತಿದ್ದ."

ಸೇಬಿನ ಚೀಲವನ್ನು ಎಲ್ಲಿ ಇಟ್ಟೆ ಅಂತ ಸವರಿಗೆ ನೆನಪಾಗಲಿಲ್ಲ. ಕೇಳಲೂ ಇಲ್ಲ.

ಬಸ್ ನಿಲ್ಲುವ ಕಡೆ ಆ ಊರಿನವನೇ ಒಬ್ಬ ಎಲೆ ಅಡಿಕೆ ಅಗಿಯುತ್ತ ಕೂತಿದ್ದ. ಹೊಸ ಮುಖ ನೋಡಿ ಯಾರ ಮನೆಯ ಹಬ್ಬಕ್ಕೆ ಬಂದಿದ್ದಿರಿ ಅಂತ ವಿಚಾರಿಸಿದ. ಮಂಟೇಸ್ವಾಮಿಯ ಮನೆಗೆ ಅಂದ ಸವರಿ.

"ಓ, ಅವ್ರ ಮನೇಲಿ ಒಬ್ಬ ಕಿರಿಸ್ತಾನರೋನ್ಗೂ ಎಡೆ ಇಕ್ತಾರೆ ಕಣ್ರಿ," ಅಂದ ಅವನು, ಎಲೆಯ ರಸ ಉಗಿದು. "ಕುವೈತಲ್ಲಿ ತೀರ್ಕಂಡೋನಂತೆ. ಮಂಟೇಸಿ ಪಿರಾಣದ ಗೆಳೆಯ. ಬಾಳ ಒಳ್ಳೆಯೋನಂತೆ. ನೀವ್ ಕಂಡಿದ್ರಾ ಅವ್ನ?"

ಕೊಳ್ಳೇಗಾಲದ ಬಸ್ಸಿನ ಬೆಳಕು ತಿರುವಿನಲ್ಲಿ ಕಾಣಿಸಿತು.

"ಕಂಡಿದ್ದೆ," ಅಂದ ಸವರಿ. "ಒಳ್ಳೆಯೋನೇ."