ಸೊಟ್ಟ ಸಾಲು

ಹೊಸ ಸ್ಕೌಟ್ ನಾಯಕರಿಗೆ ನಾನು ಹೇಳಿಕೊಡುವ ಮೊದಲ ಪಾಠ ಒಂದೇ ವಾಕ್ಯದ್ದು: ಕೈಗಳನ್ನು ಜೇಬಿನಲ್ಲಿಟ್ಟುಕೊಳ್ಳಿ. ಮಕ್ಕಳು ಡೇರೆ ಹಾಕುವಾಗ, ಒಲೆ ಹಚ್ಚುವಾಗ, ಗಂಟು ತಪ್ಪಾಗಿ ಕಟ್ಟುವಾಗ ನಿಮ್ಮ ಕೈ ತುರಿಸುತ್ತದೆ. ತುರಿಸಲಿ, ಜೇಬಿನಲ್ಲೇ ಇರಲಿ. ಹದಿನಾಲ್ಕು ಹದಿನೈದರ ಮಕ್ಕಳ ಕೆಲಸವನ್ನು ನೀವು ಮಾಡಿಕೊಟ್ಟ ದಿನ ಅವರು ಸ್ಕೌಟುಗಳಲ್ಲ, ಮನೆಗೆ ಬಂದ ನೆಂಟರು. ಇಪ್ಪತ್ತಮೂರು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ. ಬೇಕರಿಯವರು, ನರ್ಸುಗಳು, ಅಂಚೆಯವರು, ಒಬ್ಬ ಹಲ್ಲಿನ ಡಾಕ್ಟರು, ಎಲ್ಲರೂ ತಲೆಯಾಡಿಸುತ್ತಾರೆ. ಹತ್ತು ನಿಮಿಷ ಕಳೆದು ನೋಡಿದರೆ ಮಕ್ಕಳ ಕೈಯಿಂದ ಹಗ್ಗ ಕಸಿದುಕೊಂಡು ತಾವೇ ಕಟ್ಟುತ್ತಿರುತ್ತಾರೆ.

ಎರಡನೆಯ ಪಾಠ ಬೆರಳಿನದು. ಬೋರ್ಡಿನ ಮೇಲೆ ಒಂದು ಬಲಗೈ ಬಿಡಿಸುತ್ತೇನೆ. ನಡುವಿನ ಮೂರು ಬೆರಳು ನೆಟ್ಟಗೆ, ಅವು ಪ್ರತಿಜ್ಞೆಯ ಮೂರು ಮಾತು. ಹೆಬ್ಬೆರಳು ಬಾಗಿ ಕಿರುಬೆರಳನ್ನು ಹಿಡಿದುಕೊಂಡಿರುತ್ತದೆ, ದೊಡ್ಡವರು ಚಿಕ್ಕವರನ್ನು ಕಾಯಬೇಕು ಅಂತ. ವಂದನೆ ಬಲಗೈಯಲ್ಲಿ, ಕೈ ಕುಲುಕುವುದು ಮಾತ್ರ ಎಡಗೈಯಲ್ಲಿ. ಈ ಎಡಗೈ ವಿಷಯಕ್ಕೆ ಪ್ರತಿ ವರ್ಷ ಯಾರಾದರೂ ಮುಖ ಹುಳ್ಳಗೆ ಮಾಡುತ್ತಾರೆ. ಎಡಗೈ ಕೊಟ್ಟರೆ ನಮ್ಮಜ್ಜಿ ಗೋರಿಯಿಂದ ಎದ್ದು ಬಂದು ಹೊಡೀತಾಳೆ ಅನ್ನುತ್ತಾರೆ. ವಾರ ಕಳೆಯುವುದರಲ್ಲಿ ಅಭ್ಯಾಸವಾಗುತ್ತದೆ.

ನಾನು ವಸೀಲಾ. ನಾಬುಲ್ ಊರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತಳಾದವಳು. ಬಾಯಿ ಜೋರು ಅಂತ ಊರು ಹೇಳುತ್ತದೆ. ಊರು ಸುಳ್ಳು ಹೇಳುವುದಿಲ್ಲ.

ಪಾಠ ಮುಗಿದ ಮೇಲೆ ಪ್ರತಿ ಹೊಸ ನಾಯಕನ ಹಿಂದೆ ಒಂದು ವರ್ಷ ತಿರುಗುವುದು ನನ್ನ ಕೆಲಸ. ಆರು ಸಲ ಅವರ ತಂಡಕ್ಕೆ ಹೋಗಿ ನೋಡಬೇಕು, ಎಡವಿದಲ್ಲಿ ಎತ್ತಿ ನಿಲ್ಲಿಸಬೇಕು, ಅವರ ತರಬೇತಿಯ ಹಸಿರು ಪುಸ್ತಕದ ಪುಟಗಳಿಗೆ ಸಹಿ ಹಾಕಬೇಕು. ಕೊನೆಯ ಪುಟ ಐದು ಗಂಟುಗಳದು. ನಾಯಕ ನನ್ನ ಕಣ್ಣೆದುರು ಸ್ವಂತ ಕೈಯಿಂದ ಕಟ್ಟಬೇಕು. ಅದಾದರೆ ಪ್ರತಿಜ್ಞೆ, ಕೊರಳಿಗೆ ನಾಯಕನ ಸ್ಕಾರ್ಫ್. ಬೇಸಿಗೆ ಮುಗಿಯುವುದರೊಳಗೆ ಪುಸ್ತಕ ತುಂಬದಿದ್ದರೆ ನಾಯಕನಿಲ್ಲ, ನಾಯಕನಿಲ್ಲದಿದ್ದರೆ ತಂಡವೂ ಇಲ್ಲ.

ಕಲೀಬಿಯಾ ಬಂದರಿನ ತಂಡ ಅಂಥ ಅಂಚಿನಲ್ಲಿತ್ತು. ಹಳೆಯ ನಾಯಕನಿಗೆ ದೂರದ ಸಫಾಕ್ಸ್ ಊರಿನಲ್ಲಿ ಕೆಲಸ ಸಿಕ್ಕಿ ಹೊರಟುಹೋದ. ಹದಿನೇಳು ಮಕ್ಕಳು ಉಳಿದರು. ಆರು ತಿಂಗಳು ಯಾರೂ ಮುಂದೆ ಬರಲಿಲ್ಲ, ಕೊನೆಗೆ ಬಂದವನು ಲಸ್ಸಾದ್. ನಲವತ್ತಮೂರರ ಗಂಡಸು, ಬಂದರಿನ ಮೀನು ಮಾರುಕಟ್ಟೆಯಲ್ಲಿ ಹರಾಜು ಕೂಗುವವನು. ಗಂಟಲು ಅಂದರೆ ಗಂಟಲು. ಮೀನುಗಾರರ ನೀಲಿ ದೊಗಲೆ ಕೋಟು ಮೈಮೇಲೆ ಸದಾ.

ಅವನ ತಂಡದಲ್ಲಿ ಎಲ್ಲವೂ ಚೆನ್ನಾಗಿತ್ತು, ಅವನೊಬ್ಬನನ್ನು ಬಿಟ್ಟು. ಮಕ್ಕಳು ತಾವೇ ಮರ ಕಡಿದು ಮೇಜು ಕಟ್ಟುತ್ತಿದ್ದರು, ತಾವೇ ಅಡುಗೆ ಮಾಡುತ್ತಿದ್ದರು. ಅವನು ಬಲಗೈಯನ್ನು ಕೋಟಿನ ಜೇಬಿಗೆ ತುರುಕಿ ಕಲ್ಲಿನ ಮೇಲೆ ಕೂತು ಮಾತಾಡುತ್ತಿದ್ದ. ಮೊದಲ ಸಲ ಖುಷಿಯಾಯಿತು, ನನ್ನ ಮಾತನ್ನು ಒಬ್ಬನಾದರೂ ಕಿವಿಗೆ ಹಾಕಿಕೊಂಡನಲ್ಲ ಅಂತ. ಮೂರನೆಯ ಸಲ ಅನುಮಾನ ಬಂತು. ಐದನೆಯ ಸಲ ಸಿಟ್ಟೇ ಬಂತು. ಒಂದು ಹಗ್ಗ ಎತ್ತಿಕೊಡಲೂ ಆಸಾಮಿ ಏಳುವುದಿಲ್ಲ. ಧ್ವಜಕ್ಕೆ ವಂದಿಸುವಾಗ ಅವನ ಮೊಣಕೈ ಏಳುವುದನ್ನೇ ನಾನು ಕಂಡಿರಲಿಲ್ಲ.

ಕಾಣದಿರಲು ಕಾರಣ ರಿಹಾಬ್. ತಂಡದಲ್ಲೆಲ್ಲ ಎತ್ತರದ ಹುಡುಗಿ, ಹದಿನಾರು ವರ್ಷ, ಭುಜ ಅಗಲ. ಪ್ರತಿ ಸಲ ಅವನ ಬಲಕ್ಕೆ, ಒಂದು ಹೆಜ್ಜೆ ಮುಂದೆ ನಿಲ್ಲುತ್ತಿದ್ದಳು. ಇಡೀ ಸಾಲು ನೆಟ್ಟಗೆ, ಇವಳೊಬ್ಬಳ ಹತ್ತಿರ ಸೊಟ್ಟ. ಎರಡು ಸಲ ಎಲ್ಲರ ಮುಂದೆ ಗದರಿದ್ದೆ.

"ಹಿಂದೆ ಸರಿ ಮಗಳೇ. ಸಾಲು ಸೊಟ್ಟಗಿದೆ."

"ಸರಿ ಲಲ್ಲಾ," ಅನ್ನುತ್ತಿದ್ದಳು ಗೌರವದಿಂದ; ದೊಡ್ಡ ಹೆಂಗಸರಿಗೆ ನಮ್ಮಲ್ಲಿ ಲಲ್ಲಾ ಅನ್ನುತ್ತಾರೆ, ಗಂಡಸರಿಗೆ ಸೀ. ಮುಂದಿನ ಸಲ ಮತ್ತೆ ಅಲ್ಲೇ.

ಕೊನೆಯ ಭೇಟಿ ಆಗಸ್ಟಿನ ಸುಡುಬೇಸಿಗೆಯಲ್ಲಿ, ದಾರ್ ಶಿಶೂ ಕಾಡಿನ ಅವರ ಶಿಬಿರದಲ್ಲಿ. ಬಾಡಿಗೆ ವ್ಯಾನಿನಲ್ಲಿ ಎಂಟು ಜನರ ನಡುವೆ ಇಕ್ಕಟ್ಟಿನಲ್ಲಿ ಕೂತು ಬಂದು, ಮರಳಿನಲ್ಲಿ ಅರ್ಧ ಗಂಟೆ ನಡೆದು ಪೈನ್ ಮರಗಳ ಕೆಳಗೆ ತಲುಪುವ ಹೊತ್ತಿಗೆ ನನ್ನ ಮಂಡಿಯೂ ತಲೆಯೂ ಒಟ್ಟಿಗೆ ಬಿಸಿಯಾಗಿದ್ದವು. ಲಸ್ಸಾದ್ ಎದ್ದು ಬಂದು ಎಡಗೈ ಕೊಟ್ಟ. ಆ ಸೆಕೆಯಲ್ಲೂ ಅದೇ ನೀಲಿ ಕೋಟು, ಜೇಬಿನಲ್ಲಿ ಅದೇ ಬಲಗೈ.

"ಬನ್ನಿ ಲಲ್ಲಾ, ಕೂತ್ಕೊಳ್ಳಿ. ಮಕ್ಕಳು ಚಹಾ ಇಟ್ಟಿದ್ದಾರೆ."

"ಚಹಾ ಆಮೇಲೆ, ಸೀ ಲಸ್ಸಾದ್. ಕೊನೇ ಪುಟ ಇವತ್ತು ಆಗ್ಲೇಬೇಕು. ಐದು ಗಂಟು, ನನ್ನ ಕಣ್ಣೆದುರಿಗೆ."

"ಮಕ್ಕಳು ಕಟ್ಟಿದ್ದಾರಲ್ಲ, ನೋಡಿ. ಅಡುಗೆ ಮೇಜು, ಧ್ವಜದ ಕಂಬ. ಹತ್ತಿ ಕುಣಿದ್ರೂ ಅಲ್ಲಾಡಲ್ಲ."

"ಮಕ್ಕಳ ಪುಸ್ತಕ ತಂದಿಲ್ಲ ನಾನು. ನಿಮ್ಮದು ತಂದಿದ್ದೀನಿ."

"ಇನ್ನೊಂದ್ಸಲ ಬಂದಾಗ..."

"ಇನ್ನೊಂದ್ಸಲ ಅನ್ನೋದು ಇಲ್ಲ. ಒಂದು ವರ್ಷದಿಂದ ನೋಡ್ತಿದ್ದೀನಿ. ಮಹಾರಾಜರ ಥರ ಕೂತಿರ್ತೀರಿ, ಮಕ್ಕಳು ಮೈಮುರಿದು ದುಡೀತಾರೆ. ಆ ಕೈ ಜೇಬಿಂದ ತೆಗೀರಿ, ನೋಡೋಣ."

ಒಲೆಯ ಹತ್ತಿರ ಟೊಮೇಟೊ ಹೆಚ್ಚುತ್ತಿದ್ದ ಮಕ್ಕಳು ಚಾಕು ನಿಲ್ಲಿಸಿದರು. ರಿಹಾಬ್ ಹಗ್ಗ ಹಿಡಿದು ಓಡಿಬಂದಳು. "ನಾನು ಕಟ್ತೀನಿ ಲಲ್ಲಾ. ಐದಲ್ಲ, ಹತ್ತು ಕಟ್ತೀನಿ."

"ನಿನ್ನ ಕೇಳಲಿಲ್ಲ ನಾನು. ನೀನು ಮೊದಲು ಸಾಲಲ್ಲಿ ನಿಲ್ಲೋದು ಕಲಿ."

ಲಸ್ಸಾದ್ ನನ್ನನ್ನು ನೋಡಿದ. ಆಮೇಲೆ ಜೇಬಿನಿಂದ ಕೈ ತೆಗೆದ.

ಅದರಲ್ಲಿ ಹೆಬ್ಬೆರಳಿತ್ತು, ಕಿರುಬೆರಳಿತ್ತು. ನಡುವೆ ಏನೂ ಇರಲಿಲ್ಲ. ಮೂರು ಬೆರಳಿನ ಜಾಗದಲ್ಲಿ ಚರ್ಮ ಎಳೆದು ಹೊಲಿದಿದ್ದರು. ಹಳೆಯ ಹೊಲಿಗೆ, ಬೆಳ್ಳಗಾಗಿತ್ತು.

"ಇಷ್ಟೇ ಲಲ್ಲಾ," ಅಂದ. ಮಕ್ಕಳ ಕಡೆ ತಿರುಗಿ ಮಾಮೂಲಿ ಧ್ವನಿಯಲ್ಲೇ ಹೇಳಿದ, "ಹೋಗ್ರಪ್ಪ, ಸಾರು ತಳ ಹಿಡಿಯುತ್ತೆ."

ಅವರು ಹೋದರು. ರಿಹಾಬ್ ಹೋಗುವ ಮುಂಚೆ ನನ್ನನ್ನು ಒಂದು ಸಲ ನೋಡಿದಳು. ಗಣಿತದ ಟೀಚರಾಗಿ ಮೂವತ್ತು ವರ್ಷ ಮಕ್ಕಳಿಂದ ಬಗೆಬಗೆಯ ನೋಟ ತಿಂದಿದ್ದೇನೆ. ಇದಕ್ಕೆ ಮಾತ್ರ ನಾನು ಅರ್ಹಳಾಗಿದ್ದೆ.

ನನಗೆ ನಾಚಿಕೆಯಾಯಿತು. ಒಂದು ವರ್ಷ ಈ ಮನುಷ್ಯನ ಕೈ ಕುಲುಕಿದ್ದೇನೆ, ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ. ಬೇರೆ ಎಲ್ಲೇ ಆಗಿದ್ದರೂ ಮೊದಲ ಸಲಾಮಿನಲ್ಲೇ ಗೊತ್ತಾಗುತ್ತಿತ್ತು. ಸ್ಕೌಟಿನವರು ನಾವು, ಎಡಗೈ ಕೊಟ್ಟು ಎಡಗೈ ತೆಗೆದುಕೊಂಡೆವು. ಬಂದರಿನಲ್ಲಿ ಎಲ್ಲರಿಗೂ ತಿಳಿದ ವಿಷಯ, ನನಗೂ ತಿಳಿದಿದೆ ಅಂದುಕೊಂಡು ಯಾರೂ ಹೇಳಲಿಲ್ಲ. ನಾನು ಕೇಳಲಿಲ್ಲ. ಕೇಳುವ ಅಭ್ಯಾಸ ನನಗೆ ಕಡಿಮೆ.

"ತಪ್ಪಾಯ್ತು," ಅಂದೆ. "ಮಕ್ಕಳ ಮುಂದೆ ಹಾಗೆ ಹೇಳಬಾರದಿತ್ತು."

"ಮಕ್ಕಳಿಗೆ ಗೊತ್ತು ಲಲ್ಲಾ. ನಿಮಗೆ ಮಾತ್ರ ಗೊತ್ತಿರಲಿಲ್ಲ." ನಕ್ಕ. ನಗು ಅರ್ಧಕ್ಕೇ ನಿಂತಿತು. "ನಾಲ್ಕು ವರ್ಷದ ಹಿಂದೆ ದೋಣೀಲಿ ಬಲೆ ಎಳೆಯೋ ಚಕ್ರಕ್ಕೆ ಸಿಕ್ತು. ಅದಾದ ಮೇಲೇ ಹರಾಜಿಗೆ ಸೇರಿದ್ದು. ಕೂಗೋಕೆ ಬೆರಳು ಬೇಡವಲ್ಲ."

"ಮೊದಲೇ ಹೇಳಿದ್ರೆ ಏನಾಗ್ತಿತ್ತು?"

"ಹೇಳೋಣ ಅಂತಲೇ ಬಂದಿದ್ದೆ. ಮೊದಲನೇ ದಿನ ನೀವು ಬೋರ್ಡ್ ಮೇಲೆ ಕೈ ಬಿಡಿಸಿದ್ರಿ. ಮೂರು ಬೆರಳು ಎತ್ಬೇಕು ಅಂದ್ರಿ. ನನ್ನತ್ರ ಇಲ್ಲದೇ ಇರೋ ಮೂರೇ. ಎದ್ದು ಹೋಗೋಣ ಅಂದ್ಕೊಂಡೆ. ಅಷ್ಟರಲ್ಲಿ ಎಲ್ಲರೂ ಎದ್ದು ಎಡಗೈ ಕೊಟ್ರು." ಪೈನ್ ಮರದ ಕಾಯೊಂದನ್ನು ಎಡಗೈಯಲ್ಲಿ ತಿರುಗಿಸುತ್ತಿದ್ದ. "ಮೂರು ವರ್ಷ ಆಗಿತ್ತು, ಕೈ ಕೊಡುವಾಗ ಯಾರಾದ್ರೂ ನನ್ನ ಮುಖ ನೋಡಿ. ಬಲಗೈ ಚಾಚಿದ್ರೆ ಎಲ್ಲರೂ ಕೈ ನೋಡ್ತಾರೆ. ಪಾಪ ಅಂತಾರೆ. ಅವತ್ತು ಹಲ್ಲಿನ ಡಾಕ್ಟ್ರು, ನರ್ಸಮ್ಮ, ಎಲ್ಲರೂ ಮುಖ ನೋಡಿ ನಕ್ರು. ಅದಕ್ಕೇ ಉಳ್ಕೊಂಡೆ. ಆದರೆ ಇದು ಇಲ್ಲಿಗೆ ಸಾಕು. ಗಂಟೂ ಕಟ್ಟಲಾರೆ, ಪ್ರತಿಜ್ಞೆನೂ ಮಾಡಲಾರೆ. ಪುಸ್ತಕ ವಾಪಸ್ ತಗೊಂಡುಹೋಗಿ. ಮಕ್ಕಳಿಗೆ ನಾನೇ ಹೇಳ್ತೀನಿ."

ನನ್ನ ಕಣ್ಣು ಅಡುಗೆ ಮೇಜಿನ ಮೇಲೆ ಬಿತ್ತು. ಎಂಟು ಕಾಲಿನ ಮೇಜು, ಒಂದೂ ಮೊಳೆಯಿಲ್ಲ, ಬರೀ ಹಗ್ಗ. ಎದ್ದುಹೋಗಿ ಅಲ್ಲಾಡಿಸಿ ನೋಡಿದೆ. ನನ್ನ ಹಳೆಯ ತಂಡಗಳಲ್ಲಿ ಇಂಥದ್ದನ್ನು ನಾಯಕರೇ ಕಟ್ಟಿ ಮಕ್ಕಳ ಹೆಸರು ಹೇಳುತ್ತಿದ್ದರು.

"ಇದನ್ನ ಯಾರು ಕಲಿಸಿದ್ದು?"

"ನಾನೇ."

"ಹೇಗೆ?"

"ಬಾಯಲ್ಲಿ."

"ಬಾಯಲ್ಲಿ ಗಂಟು ಕಲಿಸೋಕಾಗಲ್ಲ."

"ನಿಮಗೆ ಗೊತ್ತಿಲ್ಲದ ಗಂಟು ಯಾವುದಾದ್ರೂ ಇದೆಯಾ?" ಅಂದ. ಧ್ವನಿಯಲ್ಲಿ ಹರಾಜು ಕೂಗುವವನ ಕುಶಾಲು ಸ್ವಲ್ಪ ಮರಳಿತ್ತು.

"ನಿಮ್ಮ ಕಡೆ ಬಲೆಗೆ ಬೆಂಡು ಕಟ್ಟೋದು. ನಮ್ಮ ಅಣ್ಣ ಎಷ್ಟು ಸಲ ತೋರಿಸಿದ್ರೂ ಬರಲಿಲ್ಲ."

ಅವನು ಒಂದು ಹಗ್ಗದ ತುಂಡು, ಒಂದು ಕಡ್ಡಿ ನನ್ನ ಕೈಗೆ ಕೊಟ್ಟ. ಕೊಟ್ಟು, ನನಗೆ ಬೆನ್ನು ಮಾಡಿ ಕೂತ.

"ಯಾಕೆ ಆ ಕಡೆ ತಿರುಗಿದ್ರಿ?"

"ನೋಡ್ತಾ ಇದ್ರೆ ಕೈ ಹಾಕಬೇಕು ಅನ್ಸುತ್ತೆ. ಇಲ್ಲದಿರೋ ಬೆರಳಿಗೂ ತುರಿಸುತ್ತೆ ಲಲ್ಲಾ. ಹೂಂ, ಕಡ್ಡೀನ ಮಲಗಿಸಿ ಹಿಡ್ಕೊಳ್ಳಿ. ಹಗ್ಗದ ಗಿಡ್ಡ ತುದಿ ನಿಮ್ಮ ಹೊಟ್ಟೆ ಕಡೆ ಇರಲಿ. ಉದ್ದ ತುದೀನ ಮೇಲಿಂದ ಒಂದು ಸುತ್ತು ತನ್ನಿ. ಎಳೀಬೇಡಿ. ಎಳೆದ್ರಿ ಅಲ್ವಾ?"

ಎಳೆದಿದ್ದೆ. ಸಡಿಲಿಸಿದೆ.

"ಈಗ ಅದೇ ತುದಿ ಗಿಡ್ಡದರ ಕೆಳಗೆ ನುಸುಳಲಿ, ಬೇಲಿ ಕೆಳಗೆ ಬೆಕ್ಕು ನುಸುಳೋ ಹಾಗೆ. ಹಿಂದಕ್ಕೆ ಬಂದು ತನ್ನ ಕುತ್ತಿಗೇನೇ ತಬ್ಬಿಕೊಳ್ಳಲಿ. ಆತುರ ಇಲ್ಲ. ಆಯ್ತಾ? ಈಗ ಎರಡನ್ನೂ ಒಟ್ಟಿಗೆ ಎಳೀರಿ."

ಎಳೆದೆ. ಗಂಟು ಕಡ್ಡಿಯನ್ನು ಕಚ್ಚಿ ಕೂತಿತು. ಅಣ್ಣ ನನ್ನ ಬೆರಳು ಹಿಡಿದು ತಿರುಗಿಸಿ, ಬೈದು, ಸೋತಿದ್ದ ಗಂಟು. ಅರವತ್ತೊಂದನೆಯ ವಯಸ್ಸಿನಲ್ಲಿ ಬಂತು. ಕಣ್ಣು ತುಂಬಿತು, ಅವನು ತಿರುಗಿದರೆ ಹೊಗೆ ಅಂದುಕೊಳ್ಳಲಿ ಎಂದು ಒಲೆಯ ಕಡೆ ಮುಖ ಮಾಡಿದೆ.

"ಸೀ ಲಸ್ಸಾದ್, ಇಪ್ಪತ್ತಮೂರು ವರ್ಷದಿಂದ ಕೈ ಜೇಬಲ್ಲಿಡಿ ಅಂತ ಬಡ್ಕೊಂಡಿದ್ದೀನಿ. ಒಬ್ಬರೂ ಇಟ್ಟಿಲ್ಲ. ನಾನೂ ಇಟ್ಟಿಲ್ಲ, ನಿಜ ಹೇಳಬೇಕಂದ್ರೆ."

"ನಾನು ಬೇಕು ಅಂತ ಇಟ್ಟದ್ದಲ್ಲವಲ್ಲ."

"ಮಕ್ಕಳು ಕಲಿತದ್ದು ಸುಳ್ಳಾ? ಈ ಮೇಜು ಸುಳ್ಳಾ?"

ಹಸಿರು ಪುಸ್ತಕ ಬಿಚ್ಚಿ ಕೊನೆಯ ಪುಟದಲ್ಲಿ ಬರೆದೆ: ಐದು ಗಂಟುಗಳನ್ನು ಹದಿನೇಳು ಮಕ್ಕಳ ಕೈಯಿಂದ ಕಟ್ಟಿಸಿದ್ದಾರೆ. ಆರನೆಯದನ್ನು ನನ್ನ ಕೈಯಿಂದ. ಕೆಳಗೆ ಸಹಿ ಹಾಕಿದೆ. ಮೇಲಿನವರು ತಕರಾರು ಮಾಡಿದರೆ ಬರಲಿ, ನನ್ನ ಬಾಯಿ ಇನ್ನೂ ಜೋರಾಗಿಯೇ ಇದೆ.

"ಪ್ರತಿಜ್ಞೆ ಇವತ್ತೇ ಆಗಲಿ," ಅಂದೆ. "ಎಡಗೈ ಎತ್ತಿ. ಯಾರು ಏನಂದ್ರೂ ನಾನು ನೋಡ್ಕೋತೀನಿ."

ಅವನು ಪುಸ್ತಕ ಎತ್ತಿಕೊಂಡು ಆ ಪುಟವನ್ನು ಎರಡು ಸಲ ಓದಿದ. ರಿಹಾಬ್ ಚಹಾ ತಂದಿಟ್ಟಳು, ನನ್ನ ಲೋಟವನ್ನು ಸ್ವಲ್ಪ ದೂರದಲ್ಲೇ ಇಟ್ಟಳು. ನಾನು ಕೈ ಚಾಚಿ ತೆಗೆದುಕೊಂಡೆ.

"ಮಗಳೇ," ಅಂದೆ, "ಎರಡು ಸಲ ಗದರಿದ್ದೆ ನಿನ್ನ. ಯಾಕೆ ಹೇಳಲಿಲ್ಲ?"

"ಅದು ಕಾಯಿದ್ ಹೇಳಬೇಕಾದ ಮಾತು ಲಲ್ಲಾ, ನಾನಲ್ಲ," ಅಂದಳು. ಮಕ್ಕಳು ತಮ್ಮ ನಾಯಕನನ್ನು ಕರೆಯುವುದು ಕಾಯಿದ್ ಎಂದು. "ನೀವು ಗದರಿದ್ರೆ ನನಗೇನೂ ಆಗಲ್ಲ. ನಮ್ಮಮ್ಮ ಇನ್ನೂ ಜೋರು."

ಬಿಸಿಲು ಇಳಿದು ಧ್ವಜ ಇಳಿಸುವ ಹೊತ್ತಾಯಿತು. ಮಕ್ಕಳು ಮುಖ ತೊಳೆದು, ಸ್ಕಾರ್ಫ್ ಸರಿಮಾಡಿಕೊಂಡು ಕಂಬದ ಮುಂದೆ ಸಾಲಾಗಿ ನಿಂತರು. ಲಸ್ಸಾದ್ ಕೊನೆಯಲ್ಲಿ ನಿಂತ. ನೀಲಿ ಕೋಟು ಕಲ್ಲಿನ ಮೇಲೆ ಮಡಚಿಟ್ಟಿತ್ತು. ಗಿಡ್ಡ ತೋಳಿನ ಅಂಗಿಯಲ್ಲಿ ಅವನನ್ನು ನಾನು ನೋಡಿದ್ದು ಅದೇ ಮೊದಲು. ರಿಹಾಬ್ ಅಭ್ಯಾಸದಂತೆ ಅವನ ಬಲಕ್ಕೆ ಬಂದು ಒಂದು ಹೆಜ್ಜೆ ಮುಂದಿಟ್ಟು ಅಗಲವಾಗಿ ನಿಂತಳು. ನಾನು ಬಾಯಿ ಬಿಡಲಿಲ್ಲ. ಸೊಟ್ಟಗಿದ್ದರೆ ಇರಲಿ, ಇದಕ್ಕಿಂತ ಒಳ್ಳೆಯ ಸಾಲನ್ನು ನಾನು ನೋಡಿರಲಿಲ್ಲ.

ಲಸ್ಸಾದ್ ಗಂಟಲು ಸರಿಮಾಡಿಕೊಂಡ.

"ರಿಹಾಬ್, ಹಿಂದೆ ಸರಿ ಮಗಳೇ," ಅಂದ. "ಸಾಲು ಸೊಟ್ಟಗಿದೆ."

ಅವಳು ತಿರುಗಿ ಅವನ ಮುಖ ನೋಡಿದಳು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದಳು.

ಅವನು ಬಲಗೈ ಎತ್ತಿದ. ಹೆಬ್ಬೆರಳನ್ನು ಬಾಗಿಸಿ ಕಿರುಬೆರಳನ್ನು ಹಿಡಿದುಕೊಂಡ. ಇದ್ದ ಎರಡು ಬೆರಳು ತಮ್ಮ ಕೆಲಸ ಮಾಡಿದವು. ಪ್ರತಿಜ್ಞೆಯನ್ನು ಒಂದೊಂದೇ ಮಾತಾಗಿ ನಾನು ಹೇಳಿಕೊಡಬೇಕಿತ್ತು. ಅವನು ಕಾಯಲಿಲ್ಲ. ಬಂದರಿನ ಆ ದೊಡ್ಡ ಧ್ವನಿಯಲ್ಲಿ ಮೂರೂ ಮಾತನ್ನು ತಾನೇ ಹೇಳಿ ಮುಗಿಸಿದ.

ಕೊರಳಿಗೆ ಸ್ಕಾರ್ಫ್ ಹಾಕಿದೆ. ಅವನು ಎಡಗೈ ಕೊಟ್ಟ, ನಾನು ಹಿಡಿದುಕೊಂಡು ಅವನ ಮುಖ ನೋಡಿದೆ.